ಮೊದಲು ಮುರಿದ ಅಂಚು, ಆಮೇಲೆ ಹೆಸರು

ನದಿಯ ಜಲ್ಲಿಯಲ್ಲಿ ಕಪ್ಪಗಿನ ಮೂಳೆಯೊಂದನ್ನು ಹೆಕ್ಕಿದವರೆಲ್ಲ ಮೊದಲು ಕೇಳುವುದು 'ಇದು ಯಾವ ಪ್ರಾಣಿಯದು?' ಎಂದು. ನಾನು ಆ ಪ್ರಶ್ನೆಯನ್ನು ಬೇಕೆಂದೇ ಹಿಂದಕ್ಕೆ ತಳ್ಳುತ್ತೇನೆ. ಕೈಯಲ್ಲಿರುವುದು ಮೂಳೆಯೋ ಬರೀ ಕಲ್ಲೋ ಎಂಬುದು ಮೊದಲು ತೀರ್ಮಾನವಾಗಬೇಕು. ಮೂಳೆಯೇ ಆದರೆ ದೇಹದ ಯಾವ ಭಾಗದ್ದು ಎಂಬುದು ಅದರ ನಂತರ. ಪ್ರಾಣಿಯ ಸರದಿ ಬರುವುದು ಆಮೇಲೆ. ಎಷ್ಟು ಹಳೆಯದು ಎಂಬುದಂತೂ ಎಲ್ಲಕ್ಕಿಂತ ಕೊನೆಗೆ, ಬಹಳ ಸಲ ಅದಕ್ಕೆ ಉತ್ತರವೇ ಇರುವುದಿಲ್ಲ. ಮೊದಲೇ ಒಂದು ಹೆಸರನ್ನು ಹಿಡಿದುಕೊಂಡರೆ ಕಣ್ಣು ಆ ಹೆಸರಿಗೆ ಒಗ್ಗುವುದನ್ನು ಮಾತ್ರ ನೋಡತೊಡಗುತ್ತದೆ.

ನಾನು ಪಳೆಯುಳಿಕೆ ಹುಡುಕಲು ಹೋಗುವುದು ನೆರೆ ಇಳಿದು ನೀರು ತಿಳಿಯಾದ ಮೇಲೆ. ನದಿ ತಿರುಗುವಲ್ಲಿ ಒಳಬದಿಗೆ ಜಲ್ಲಿಯ ದಿಬ್ಬಗಳು ಬಿದ್ದಿರುತ್ತವೆ. ಅಲ್ಲಿ ದಪ್ಪ ಕಲ್ಲುಗಳು ಒಟ್ಟಾಗಿರುವ ಪಟ್ಟಿಯನ್ನೇ ನಿಧಾನವಾಗಿ ನೋಡುತ್ತ ನಡೆಯುತ್ತೇನೆ. ನೀರು ಮೂಳೆಗಳನ್ನೂ ತೂಕ, ಆಕಾರ ನೋಡಿ ವಿಂಗಡಿಸುತ್ತದೆ. ಮೈಕೇಲ್ ವೂರ್ಹೀಸ್ ಎಂಬ ವಿಜ್ಞಾನಿ 1969ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹರಿಯುವ ನೀರಿನ ಕಾಲುವೆಗೆ ಮೂಳೆಗಳನ್ನು ಹಾಕಿ ಯಾವುದು ಮೊದಲು ಕೊಚ್ಚಿಹೋಗುತ್ತದೆ ಎಂದು ನೋಡಿದ್ದರು. ಪಕ್ಕೆಲುಬುಗಳು, ಬೆನ್ನುಮೂಳೆಯ ಮಣಿಗಳು ಮೊದಲು ಹೊರಟವು. ಕೈಕಾಲಿನ ಉದ್ದ ಮೂಳೆಗಳು ಅವುಗಳ ಹಿಂದೆ. ತಲೆಬುರುಡೆ, ದವಡೆಗಳು ಕೊನೆಗೆ ಉಳಿದವು. ಹಾಗಾಗಿ ಒಂದೇ ಜಾಗದಲ್ಲಿ ಪಕ್ಕೆಲುಬು, ಮಣಿ, ದವಡೆ ಎಲ್ಲವೂ ಒಟ್ಟಿಗೆ ಸಿಕ್ಕರೆ ನಾನು ದಿಬ್ಬವನ್ನು ಬಿಟ್ಟು ದಡದ ಕಡೆ ತಿರುಗುತ್ತೇನೆ. ಅವು ದೂರದಿಂದ ಬಂದವಲ್ಲ, ಹತ್ತಿರದಲ್ಲೇ ಎಲ್ಲೋ ಒಂದು ಪದರ ಕುಸಿಯುತ್ತಿದೆ ಎಂದು ಅದರ ಅರ್ಥ.

ಇನ್ನು ಬಣ್ಣ. ಕಪ್ಪಗಿದೆ, ಆದ್ದರಿಂದ ಪಳೆಯುಳಿಕೆ ಎಂಬಷ್ಟು ಹಟಮಾರಿ ನಂಬಿಕೆ ಈ ಹವ್ಯಾಸದಲ್ಲಿ ಇನ್ನೊಂದಿಲ್ಲ. ಕಬ್ಬಿಣ, ಮ್ಯಾಂಗನೀಸ್, ಕೊಳೆತ ಎಲೆಗಳ ಟ್ಯಾನಿನ್ ಇರುವ ಕೆಸರಿನಲ್ಲಿ ಹೂತ ದನದ ಮೂಳೆಯೂ ಕಪ್ಪಾಗುತ್ತದೆ, ಅದಕ್ಕೆ ಸಾವಿರಾರು ವರ್ಷ ಬೇಕಾಗಿಲ್ಲ. ಬಣ್ಣ ಹೇಳುವುದು ಮೂಳೆ ಮಲಗಿದ್ದ ಮಣ್ಣಿನ ಕಥೆಯನ್ನು, ಅದರ ವಯಸ್ಸನ್ನಲ್ಲ. ಬಣ್ಣದಿಂದ ಜಗತ್ತೇ ಮೋಸಹೋದ ಪ್ರಸಂಗ ಪಿಲ್ಟ್‌ಡೌನ್. 1912ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ಪ್ರಾಂತ್ಯದ ಜಲ್ಲಿಗುಂಡಿಯೊಂದರಲ್ಲಿ ಆದಿಮಾನವನ ಬುರುಡೆ, ದವಡೆ ಸಿಕ್ಕವೆಂದು ಘೋಷಿಸಲಾಯಿತು. ಅದೆಲ್ಲ ಮೋಸವೆಂದು ಬಯಲಾದದ್ದು 1953ರಲ್ಲಿ, ದವಡೆ ಒರಾಂಗುಟಾನಿನದಾಗಿತ್ತು. ರಾಸಾಯನಿಕಗಳಿಂದ ಅದಕ್ಕೆ ಕಂದು ಬಣ್ಣ ಬರಿಸಿ, ಮನುಷ್ಯನ ಹಲ್ಲಿನಂತೆ ಕಾಣಲೆಂದು ಹಲ್ಲುಗಳನ್ನು ಅರದಿಂದ ಉಜ್ಜಿದ್ದರು. ಬಣ್ಣವನ್ನು ಬದಿಗಿಟ್ಟು ಭೂತಗನ್ನಡಿ ಹಿಡಿದು ನೋಡಿದವರಿಗೆ ಉಜ್ಜಿದ ಗೀರುಗಳು ಕಂಡವು.

ನಾನು ಮೊದಲು ನೋಡುವುದು ಮುರಿದ ಅಂಚನ್ನು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಇದ್ದರೆ ಸಾಕು. ಮೂಳೆಯ ಹೊರಗೋಡೆ ಒತ್ತಾಗಿ, ಗಟ್ಟಿಯಾಗಿ ಇರುತ್ತದೆ. ಒಳಗೆ ಹೋದಂತೆ ಸಣ್ಣ ಸಣ್ಣ ಗೂಡುಗಳ ಜಾಲ ಕಾಣುತ್ತದೆ. ಈ ಎರಡು ಪದರಗಳ ನಡುವಿನ ಬದಲಾವಣೆಯನ್ನು ಯಾವ ಕಲ್ಲೂ ಸರಿಯಾಗಿ ಅನುಕರಿಸಲಾರದು. ನದಿಯಲ್ಲಿ ಉರುಟಾದ ಕಲ್ಲುಗಳು ಹೊರಗಿನಿಂದ ತೊಡೆಮೂಳೆಯ ತುದಿಯಂತೆ, ಬೆರಳಿನಂತೆ, ಮೊಟ್ಟೆಯಂತೆ ಎಷ್ಟು ಚೆನ್ನಾಗಿ ನಟಿಸಿದರೂ ಒಡೆದಲ್ಲಿ ಒಂದೇ ಸಮನಾಗಿರುತ್ತವೆ. ಕಲ್ಲಾದ ಮರದ ತುಂಡು ಮಾತ್ರ ಸ್ವಲ್ಪ ಸತಾಯಿಸುತ್ತದೆ. ಅದರ ರಂಧ್ರಗಳೆಲ್ಲ ಒಂದೇ ದಿಕ್ಕಿಗೆ ಸಾಲಾಗಿ ಓಡುತ್ತವೆ, ಮೂಳೆಯ ಗೂಡುಗಳು ಹೀಗೆ ಶಿಸ್ತಿನಲ್ಲಿ ನಿಲ್ಲುವುದಿಲ್ಲ.

ಮೂಳೆ ಎಂದು ಖಚಿತವಾದ ಮೇಲೆ ಹೊಸದೋ ಹಳೆಯದೋ ಎಂಬ ಪ್ರಶ್ನೆ. ಪೂರ್ತಿ ಒಣಗಿಸಿದ ಮೇಲೂ ಗಾತ್ರಕ್ಕೆ ಮೀರಿದ ತೂಕವಿದ್ದರೆ, ಮತ್ತೊಂದು ಕಲ್ಲಿಗೆ ಮೆಲ್ಲಗೆ ತಾಗಿಸಿದಾಗ ಮಂದ ಸದ್ದಿನ ಬದಲು ಟಣ್ಣೆಂದರೆ, ಗೂಡುಗಳಲ್ಲಿ ಖನಿಜ ತುಂಬಿದೆ ಎನ್ನಬಹುದು. ಒದ್ದೆ ಮೂಳೆಯ ತೂಕವನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಾಲಿಗೆಗೆ ತಾಗಿಸಿ ಅಂಟುತ್ತದೆಯೇ ಎಂದು ನೋಡುವವರಿದ್ದಾರೆ. ಒಣಗಿದ ಹೊಸ ಮೂಳೆಯೂ ಅಂಟುತ್ತದೆ, ನದಿಯ ಕೊಳಕು ಬಾಯಿಗೆ ಹೋಗುವುದೊಂದೇ ಲಾಭ. ಇದಕ್ಕಿಂತ ಒಳ್ಳೆಯದು ಕಾದ ಸೂಜಿ. ಮುರಿದ ಅಂಚಿನ ಕಾಣದ ಮೂಲೆಗೆ ಕೆಂಪಗೆ ಕಾಯಿಸಿದ ಸೂಜಿಯನ್ನು ಮುಟ್ಟಿಸಿದಾಗ ಕೂದಲು ಸುಟ್ಟ ವಾಸನೆ ಬಂದರೆ ಮೂಳೆಯ ಪ್ರೋಟೀನ್ ಆದ ಕೊಲ್ಲಾಜೆನ್ ಇನ್ನೂ ಉಳಿದಿದೆ ಎಂದರ್ಥ, ಅಂದರೆ ಮೂಳೆ ಬಹುಮಟ್ಟಿಗೆ ಈಚಿನದು. ಹಿಮಯುಗದ ಕೆಲವು ಮೂಳೆಗಳಲ್ಲಿಯೂ ಕೊಲ್ಲಾಜೆನ್ ಉಳಿದಿರುವುದುಂಟು, ಆದ್ದರಿಂದ ಇದನ್ನು ಕೊನೆಯ ತೀರ್ಪೆಂದು ತಿಳಿಯಬಾರದು. ಹಲ್ಲಿನ ಮೇಲೆ ಈ ಪರೀಕ್ಷೆ ಮಾಡುವುದೇ ಬೇಡ, ಅದರ ಹೊರಗಿನ ಗಟ್ಟಿ ಹೊದಿಕೆಯಾದ ಎನಾಮಲ್‌ನಲ್ಲಿ ಸುಡಲು ಪ್ರೋಟೀನ್ ಇರುವುದೇ ಅತ್ಯಲ್ಪ.

ಒಂದು ಬುಟ್ಟಿ ಮೂಳೆಚೂರು ಬೇಕೋ ಒಂದು ಹಲ್ಲು ಬೇಕೋ ಎಂದು ಯಾರಾದರೂ ಕೇಳಿದರೆ ನಾನು ಯೋಚಿಸದೆ ಹಲ್ಲನ್ನು ಆರಿಸಿಕೊಳ್ಳುತ್ತೇನೆ. ಎನಾಮಲ್ ದೇಹದಲ್ಲೇ ಅತಿ ಗಟ್ಟಿಯಾದ ವಸ್ತು. ನದಿ ಮೂಳೆಯನ್ನು ತಿಂದುಹಾಕಿದ ಮೇಲೂ ಹಲ್ಲು ತನ್ನ ಗುರುತನ್ನು ಬಿಟ್ಟುಕೊಡುವುದಿಲ್ಲ. ಎಲ್ಲಕ್ಕಿಂತ ಮುಖ್ಯ ಅಗಿಯುವ ಮೇಲ್ಮೈ. ಹಲ್ಲನ್ನು ಪಕ್ಕದಿಂದ ಮಾತ್ರ ತೆಗೆದ ಚಿತ್ರವನ್ನು ತೋರಿಸಿ ಹೆಸರು ಕೇಳಿದರೆ ತಜ್ಞರೂ ಕೈಚೆಲ್ಲುತ್ತಾರೆ.

ನದಿಯಲ್ಲಿ ಹೆಚ್ಚಾಗಿ ಸಿಗುವುದು ಕುದುರೆ ಮತ್ತು ದನದ ಜಾತಿಯ ದವಡೆ ಹಲ್ಲುಗಳು. ಎರಡೂ ಎತ್ತರದವು, ಹುಲ್ಲು ತಿಂದು ಸವೆಯುವುದಕ್ಕೆಂದೇ ಹಾಗೆ ಬೆಳೆದವು. ಅವನ್ನು ಬೇರ್ಪಡಿಸಲು ನಾನು ಅಗಿಯುವ ಮೇಲ್ಮೈಯನ್ನು ಬೆಳಕಿಗೆ ಓರೆಯಾಗಿ ಹಿಡಿಯುತ್ತೇನೆ. ಆಗ ಹಲ್ಲಿನ ಒಳಭಾಗದ ಮೆತ್ತಗಿನ ಡೆಂಟಿನ್ ತಗ್ಗಾಗಿ, ಎನಾಮಲ್ ಗೆರೆಗಳು ಉಬ್ಬಿ ಕಾಣುತ್ತವೆ. ದನ, ಎಮ್ಮೆ, ಜಿಂಕೆಯಂತಹ ಮೆಲುಕು ಹಾಕುವ ಪ್ರಾಣಿಗಳಲ್ಲಿ ಆ ಗೆರೆಗಳು ಅರ್ಧಚಂದ್ರಗಳಾಗಿ ಜೋಡಿಜೋಡಿಯಾಗಿ ನಿಲ್ಲುತ್ತವೆ. ಮೇಲ್ದವಡೆಯ ಹಲ್ಲಿನಲ್ಲಿ ಚಂದ್ರದ ಉಬ್ಬು ನಾಲಿಗೆಯ ಕಡೆಗೆ, ಕೆಳದವಡೆಯದರಲ್ಲಿ ಕೆನ್ನೆಯ ಕಡೆಗೆ. ಕುದುರೆಯ ಗೆರೆಗಳು ಹೀಗೆ ಸರಳವಾಗಿರುವುದಿಲ್ಲ, ಸುಕ್ಕುಸುಕ್ಕಾಗಿ ಸುತ್ತಿಕೊಂಡಿರುತ್ತವೆ. ಕುದುರೆಯ ಮೇಲ್ದವಡೆಯ ಹಲ್ಲು ಹೆಚ್ಚುಕಡಿಮೆ ಚೌಕ, ಕೆಳದವಡೆಯದು ಉದ್ದವಾಗಿ ಕಿರಿದು.

ದನದ ಹಲ್ಲಿಗೆ ಇನ್ನೊಂದು ಗುರುತಿದೆ. ಹಲ್ಲಿನ ಎರಡು ಉಬ್ಬು ಭಾಗಗಳ, ಅಂದರೆ ಹಾಲೆಗಳ, ನಡುವಿನ ಸಂದಿಯಲ್ಲಿ ಎನಾಮಲ್‌ನ ಒಂದು ಸಣ್ಣ ಕಂಬ ಎದ್ದಿರುತ್ತದೆ. ಹಲ್ಲು ಸವೆದಾಗ ಅದರ ತುದಿ ಒಂದು ಪುಟ್ಟ ಉಂಗುರವಾಗಿ ಮೇಲ್ಮೈಯಲ್ಲಿ ಕಾಣಿಸುತ್ತದೆ. ಕುದುರೆಗೆ ಈ ಕಂಬವಿಲ್ಲ. ಜಿಂಕೆಯ ಹಲ್ಲಿನಲ್ಲಿ ಇದ್ದರೂ ಗಿಡ್ಡವಾಗಿ, ಬುಡದಲ್ಲೇ ಉಳಿದಿರುತ್ತದೆ. ಜಿಂಕೆಯ ಹಲ್ಲೇ ಒಟ್ಟಾರೆ ಗಿಡ್ಡ, ಬೇರು ಬೇಗ ಶುರುವಾಗುತ್ತದೆ. ಮೂರು ಹಾಲೆಗಳ ಹಲ್ಲು ಸಿಕ್ಕಿದರೆ ಹೊಸ ಪ್ರಾಣಿಯೆಂದು ಕುಣಿಯಬೇಕಿಲ್ಲ. ಮೆಲುಕು ಹಾಕುವ ಪ್ರಾಣಿಗಳ ಕೆಳದವಡೆಯ ಕೊನೆಯ ಹಲ್ಲು ಇರುವುದೇ ಹಾಗೆ.

ಕುದುರೆಯ ಹಲ್ಲೆಂದು ತಿಳಿದ ಮೇಲೂ ಮೇಲ್ದವಡೆಯದಾದರೆ ನಾನು ಇನ್ನೊಂದು ಸಲ ನೋಡುತ್ತೇನೆ. ನಾಲಿಗೆಯ ಬದಿಯಲ್ಲಿ ಎನಾಮಲ್ ಸುತ್ತಿದ ಒಂದು ಭಾಗವಿದೆ, ಪ್ರೋಟೋಕೋನ್ ಎನ್ನುತ್ತಾರೆ. ಇಂದಿನ ಕುದುರೆಯಲ್ಲಿ ಅದು ಉಳಿದ ಗೆರೆಗಳಿಗೆ ಸೇರಿಕೊಂಡಿರುತ್ತದೆ. ಮೂರು ಬೆರಳಿನ ಹಿಪ್ಪಾರಿಯನ್ ಎಂಬ ಅಳಿದ ಕುದುರೆಯಲ್ಲಿ ಅದು ಸುತ್ತಲೂ ಬಿಟ್ಟುಕೊಂಡು ದ್ವೀಪವಾಗಿ ನಿಂತಿರುತ್ತದೆ. ಉಗುರಿಗಿಂತ ಚಿಕ್ಕದಾದ ಈ ಒಂದು ಕೊಂಡಿ ಇದೆಯೋ ಇಲ್ಲವೋ ಎಂಬುದರ ಮೇಲೆ ಕೈಯಲ್ಲಿರುವ ಹಲ್ಲು ಲಕ್ಷಾಂತರ ವರ್ಷ ಹಿಂದಕ್ಕೆ ಸರಿಯಬಹುದು.

ಹಂದಿಯ ಹಲ್ಲು ಜನರನ್ನು ಹೆದರಿಸುವಷ್ಟು ಬೇರೆ ಯಾವ ಹಲ್ಲೂ ಹೆದರಿಸುವುದಿಲ್ಲ. ಗುಬುಟುಗುಬುಟಾದ, ಗಿಡ್ಡನೆಯ ಆ ದವಡೆ ಹಲ್ಲು ಮನುಷ್ಯನದನ್ನು ಬಹಳ ಹೋಲುತ್ತದೆ, ಸವೆದ ಮೇಲಂತೂ ಇನ್ನೂ ಹೆಚ್ಚು. 1922ರಲ್ಲಿ ಅಮೆರಿಕದ ಹೆನ್ರಿ ಫೇರ್‌ಫೀಲ್ಡ್ ಆಸ್ಬರ್ನ್ ಎಂಬ ಹೆಸರಾಂತ ಪ್ರಾಗ್ಜೀವಿ ವಿಜ್ಞಾನಿ ನೆಬ್ರಾಸ್ಕಾದಲ್ಲಿ ಸಿಕ್ಕ ಒಂದೇ ಒಂದು ಸವೆದ ಹಲ್ಲನ್ನು ನೋಡಿ, ಅಮೆರಿಕಕ್ಕೂ ಒಂದು ಮಾನವಸದೃಶ ವಾನರ ಇತ್ತೆಂದು ಸಾರಿ ಹೆಸರನ್ನೂ ಇಟ್ಟರು. ಅದು ಹಂದಿಯ ಹತ್ತಿರದ ಸಂಬಂಧಿಯಾದ ಪೆಕರಿಯ ಹಲ್ಲು ಎಂದು 1927ರ ಹೊತ್ತಿಗೆ ಒಪ್ಪಬೇಕಾಯಿತು. ತೀರಾ ಸವೆದ ಹಲ್ಲಿಗೆ ನಾನು ಕುಲದ ಹೆಸರು ಕೊಡಲು ಹೋಗುವುದಿಲ್ಲ, 'ಸಸ್ತನಿ, ದವಡೆ ಹಲ್ಲು' ಎಂದು ಚೀಟಿ ಬರೆದು ಇಡುತ್ತೇನೆ.

ಆನೆಯ ಹಲ್ಲನ್ನು ಗುರುತಿಸಲು ಕಷ್ಟವಿಲ್ಲ. ಎನಾಮಲ್ ಹಲಗೆಗಳು ಸಾಲಾಗಿ ನಿಂತು, ನಡುವೆ ಗಾರೆಯಂತಹ ಸಿಮೆಂಟಮ್ ತುಂಬಿಕೊಂಡಿರುತ್ತದೆ. ಒಂದು ದವಡೆಯ ಒಂದೊಂದು ಬದಿಗೆ ಜೀವಮಾನದಲ್ಲಿ ಬೇರೆ ಬೇರೆ ಗಾತ್ರದ ಆರು ಹಲ್ಲುಗಳು ಹಿಂದಿನಿಂದ ಮುಂದಕ್ಕೆ ಸರಿಯುತ್ತ ಬರುತ್ತವೆ, ಆದ್ದರಿಂದ ಗಾತ್ರ ನೋಡಿ ಜಾತಿ ಹೇಳುವುದು ಸಲ್ಲ. ಹಿಮಾಲಯದ ತಪ್ಪಲಿನ ಶಿವಾಲಿಕ್ ಬೆಟ್ಟಗಳ ಪಳೆಯುಳಿಕೆಗಳನ್ನು ಅಭ್ಯಾಸ ಮಾಡಿದ ವಿಜ್ಞಾನಿ ಹ್ಯೂ ಫಾಲ್ಕನರ್ ಹತ್ತೊಂಬತ್ತನೆಯ ಶತಮಾನದಲ್ಲೇ ಹಲಗೆಗಳನ್ನು ಎಣಿಸಿ ಆನೆಯ ಜಾತಿಗಳನ್ನು ವಿಂಗಡಿಸಿದ್ದರು, ಇಂದಿಗೂ ಎಣಿಕೆಯೇ ದಾರಿ. ಆನೆಯ ಅಳಿದ ಸಂಬಂಧಿಗಳಲ್ಲಿ ಒಂದಾದ ಸ್ಟೆಗೊಡಾನ್‌ನಲ್ಲಿ ಹಲಗೆಗಳ ಬದಲು ಮಾಡಿನ ಇಳಿಜಾರಿನಂತಹ ಗಿಡ್ಡ ಏಣುಗಳಿರುತ್ತವೆ, ಇನ್ನೊಂದಾದ ಮಾಸ್ಟೊಡಾನ್‌ನಲ್ಲಿ ಜೋಡಿ ಗುಬುಟುಗಳು. ಸಾಲಿನಿಂದ ಬಿಡಿಯಾಗಿ ಬಿದ್ದ, ಇನ್ನೂ ಸವೆಯದ ಒಂದೇ ಹಲಗೆ ಮಾತ್ರ ಬೆರಳುಗಳಿರುವ ಪಾದದಂತೆ ಕಂಡು ದಾರಿ ತಪ್ಪಿಸುತ್ತದೆ. ಶಂಕುವಿನಾಕಾರದ, ಬುಡ ಟೊಳ್ಳಾದ, ಎರಡು ಬದಿಗೆ ಸಣ್ಣ ಏಣಿರುವ ಹಲ್ಲು ಬಹುತೇಕ ಮೊಸಳೆಯದು. ಒಳಗಿನಿಂದ ಹೊಸ ಹಲ್ಲು ತಳ್ಳುತ್ತ ಬರುವುದರಿಂದ ಬುಡ ಟೊಳ್ಳು.

ಬಿಡಿ ಮೂಳೆಗಳಲ್ಲಿ ಕೀಲಿನ ತುದಿ ಉಳಿದಿದ್ದರೆ ಮಾತ್ರ ನಾನು ಹೊತ್ತು ಕಳೆಯುತ್ತೇನೆ. ತುದಿಯಿಲ್ಲದ ನಡುಭಾಗ ಎಷ್ಟೇ ಅಂದವಾಗಿದ್ದರೂ 'ದೊಡ್ಡ ಸಸ್ತನಿ' ಎಂಬಲ್ಲಿಗೆ ನಿಲ್ಲುತ್ತದೆ. ಎಲ್ಲಕ್ಕಿಂತ ಉಪಕಾರಿ ಹಿಂಗಾಲಿನ ಹರಡಿನಲ್ಲಿ ಕೂರುವ ಅಸ್ಟ್ರಾಗಲಸ್. ಗಿಡ್ಡ, ಗಟ್ಟಿ ಮೂಳೆಯಾದ್ದರಿಂದ ನದಿಯಲ್ಲಿ ಪೂರ್ತಿಯಾಗಿ ಸಿಗುತ್ತದೆ. ದನ, ಜಿಂಕೆ, ಹಂದಿಯಂತಹ ಸೀಳುಗೊರಸಿನ ಪ್ರಾಣಿಗಳಲ್ಲಿ ಅದರ ಮೇಲೂ ಕೆಳಗೂ ರಾಟೆಯಾಕಾರದ ತೋಡಿರುತ್ತದೆ. ಕುದುರೆಯಲ್ಲಿ ಮೇಲೆ ಮಾತ್ರ ಓರೆಯಾದ ರಾಟೆ, ಕೆಳಗೆ ಚಪ್ಪಟೆ. ಪಾದದ ಮೇಲಿನ ಉದ್ದ ಮೂಳೆಯಲ್ಲೂ ಹೀಗೆಯೇ: ದನಕ್ಕೆ ಎರಡು ಮೂಳೆ ಕೂಡಿ ಒಂದಾದ ಗುರುತಾಗಿ ನಡುವೆ ಗೀರು, ಕೆಳತುದಿಯಲ್ಲಿ ಎರಡು ಉರುಳೆ. ಕುದುರೆಗೆ ಒಂದೇ. ತೀರಾ ದೊಡ್ಡ ಕಾಲುಮೂಳೆಯ ಒಳಗೆ ಮಜ್ಜೆಯ ಟೊಳ್ಳು ಇಲ್ಲದೆ ಗೂಡುಗಳೇ ತುಂಬಿದ್ದರೆ ಆನೆಯ ಕಡೆಗೆ ಯೋಚಿಸಬೇಕು.

ಹೆಸರು ಸಿಗದೆ ಮೂಲೆ ಸೇರುವ ಚಪ್ಪಟೆ ತುಂಡುಗಳಲ್ಲಿ ಬಹುಪಾಲು ಆಮೆಯ ಚಿಪ್ಪಿನವು. ಅಂಚಿನಲ್ಲಿ ಹಲ್ಲುಹಲ್ಲಾದ ಹೊಲಿಗೆ, ಮೇಲ್ಮೈಯಲ್ಲಿ ಅದಕ್ಕೆ ಸಂಬಂಧವೇ ಇಲ್ಲದಂತೆ ಬೇರೆ ದಾರಿಯಲ್ಲಿ ಓಡುವ ನಯವಾದ ತೋಡು, ಇವೆರಡೂ ಒಟ್ಟಿಗೆ ಇದ್ದರೆ ಮತ್ತೆ ಯೋಚಿಸಬೇಕಿಲ್ಲ. ತೋಡು ಚಿಪ್ಪಿನ ಮೇಲಿದ್ದ ಕೊಂಬಿನಂತಹ ಹೊದಿಕೆಯ ಗಡಿ, ಹೊಲಿಗೆ ಮೂಳೆಯ ಗಡಿ. ಮೆದುಚಿಪ್ಪಿನ ಆಮೆಗೆ ತೋಡಿಲ್ಲ, ಮೇಲ್ಮೈ ತುಂಬ ಗುಳಿಗಳು.

ಕಾಲದ ವಿಷಯದಲ್ಲಿ ನನ್ನ ನಿಲುವು ಸ್ವಲ್ಪ ಕಠಿಣ. ನದಿ ಬೇರೆ ಬೇರೆ ಕಾಲದ ಪದರಗಳನ್ನು ಕೊರೆದು ಎಲ್ಲವನ್ನೂ ಒಂದೇ ದಿಬ್ಬದಲ್ಲಿ ಸುರಿಯುತ್ತದೆ, ಹಿಮಯುಗದ ಆನೆ ಹಲ್ಲಿನ ಪಕ್ಕದಲ್ಲೇ ಹೋದ ವರ್ಷ ಸತ್ತ ದನದ ದವಡೆ. ಜೊತೆಗೆ ಸಿಕ್ಕವು ಎಂಬುದು ಸಮಕಾಲೀನ ಎಂಬುದಕ್ಕೆ ಸಾಕ್ಷಿಯಲ್ಲ. ಅಳಿದ ಜಾತಿ ಎಂದು ಹಲ್ಲೇ ಹೇಳಿದರೆ ಸರಿ, ಇಲ್ಲದಿದ್ದರೆ ಜಲ್ಲಿಯಲ್ಲಿ ಸಿಕ್ಕ ವಸ್ತುವಿಗೆ ವಯಸ್ಸು ಬರೆಯುವುದಿಲ್ಲ. ದಡದ ಪದರದಲ್ಲೇ ಹುದುಗಿರುವುದು ಕಂಡರೆ ಕೈ ಹಚ್ಚುವುದೂ ಇಲ್ಲ. 1982ರಲ್ಲಿ ಭೂವಿಜ್ಞಾನಿ ಅರುಣ್ ಸೋನಕಿಯಾ ಅವರಿಗೆ ಮಧ್ಯಪ್ರದೇಶದ ಹಥ್ನೋರಾ ಬಳಿ ನರ್ಮದೆಯ ದಡದಲ್ಲಿ ಸಿಕ್ಕ ಮಾನವ ಬುರುಡೆಗೆ ಅಷ್ಟು ಬೆಲೆ ಬಂದದ್ದು ಅದು ಗಟ್ಟಿಗೊಂಡ ಜಲ್ಲಿಯ ಪದರದೊಳಗೇ ಇದ್ದುದರಿಂದಲೂ ಹೌದು. ಅದೇ ಬುರುಡೆ ಉರುಳಿ ಮರಳಿಗೆ ಬಂದಿದ್ದರೆ ವಾದಕ್ಕೆ ಕೊನೆಯೇ ಇರುತ್ತಿರಲಿಲ್ಲ.

ಮನುಷ್ಯನದಿರಬಹುದು ಎಂಬ ಸಂಶಯ ಬಂದರೆ ಎಲ್ಲವನ್ನೂ ಇದ್ದಲ್ಲೇ ಬಿಟ್ಟು ಪೊಲೀಸರಿಗೆ ತಿಳಿಸುವುದು, ಅಷ್ಟೇ. ಹಳೆಯದೋ ಹೊಸದೋ ಎಂದು ನಿರ್ಧರಿಸುವುದು ಅವರು ಕರೆಸುವ ತಜ್ಞರ ಕೆಲಸ. ಪಳೆಯುಳಿಕೆ ಹೆಕ್ಕುವುದಕ್ಕೂ ಒಂದೊಂದು ದೇಶದಲ್ಲಿ ಒಂದೊಂದು ಕಾನೂನಿದೆ, ಅದನ್ನು ತಿಳಿದೇ ನೀರಿಗಿಳಿಯಬೇಕು.

ತಂದದ್ದನ್ನು ಬಿಸಿಲಿಗಿಟ್ಟರೆ ಹೊರಪದರ ಬೇಗ ಒಣಗಿ ಒಳಗಿನದು ಒದ್ದೆಯಾಗಿಯೇ ಉಳಿದು ಬಿರುಕು ಬಿಡುತ್ತದೆ, ಹಲ್ಲಿನ ಎನಾಮಲ್ ಸಿಪ್ಪೆಸಿಪ್ಪೆಯಾಗಿ ಎದ್ದುಬರುತ್ತದೆ. ನೆರಳಿನಲ್ಲಿ, ಬಟ್ಟೆ ಮುಚ್ಚಿ, ನಿಧಾನವಾಗಿ ಒಣಗಿಸುತ್ತೇನೆ. ಮೃದುವಾದ ಬ್ರಷ್ ಮತ್ತು ನೀರು ಸಾಕು. ವಿನೆಗರ್, ನಿಂಬೆರಸ ಮುಟ್ಟಿಸಿದರೆ ಕೊಳೆಯ ಜೊತೆ ಮೂಳೆಯ ಖನಿಜವೂ ಕರಗುತ್ತದೆ. ಪುಡಿಯಾಗುವಂತಹವಕ್ಕೆ ಅಸಿಟೋನಿನಲ್ಲಿ ತೆಳುವಾಗಿ ಕರಗಿಸಿದ ಪ್ಯಾರಾಲಾಯ್ಡ್ ಬಿ-72 ಎಂಬ ಅಂಟನ್ನು ಹಚ್ಚುತ್ತೇನೆ, ಬೇಕಾದಾಗ ಮತ್ತೆ ಕರಗಿಸಿ ತೆಗೆಯಬಹುದು. ಮನೆಯ ವಾರ್ನಿಷ್, ಫೆವಿಕ್ವಿಕ್ ತೆಗೆಯಲು ಹೋದರೆ ಜೀವ ಹೋಗುತ್ತದೆ. ಗುರುತು ಹಿಡಿಯಲು ಯಾರಿಗಾದರೂ ಕಳುಹಿಸುವಾಗ ಅಳತೆಪಟ್ಟಿಯನ್ನು ಪಕ್ಕದಲ್ಲಿಟ್ಟು ಆರೂ ಬದಿಗಳ ಚಿತ್ರ ತೆಗೆಯುತ್ತೇನೆ, ಅಗಿಯುವ ಮೇಲ್ಮೈಯದನ್ನು ಒಂದು ಹೆಚ್ಚಾಗಿಯೇ, ಓರೆ ಬೆಳಕಿನಲ್ಲಿ. ಸಿಕ್ಕ ಜಾಗ, ದಿನ, ಜಲ್ಲಿಯಲ್ಲೋ ಪದರದಲ್ಲೋ ಎಂಬ ವಿವರವನ್ನೂ ಬರೆಯುತ್ತೇನೆ. ನನ್ನ ಊಹೆಯನ್ನು ಮಾತ್ರ ಬರೆಯುವುದಿಲ್ಲ, ಅವರು ತಮ್ಮ ಕಣ್ಣಿನಿಂದಲೇ ನೋಡಲಿ.