ಕೊಯ್ಯುವ ಮೊದಲು ಬಿಡಿಸಿ

ಒಂಬತ್ತನೇ ತರಗತಿಗೆ ಘನಾಕೃತಿಗಳ ಪಾಠ ಶುರು ಮಾಡಿದ ದಿನ ಬೋರ್ಡ್ ಮೇಲೆ ಒಂದು ಘನ ಬರೆದೆ. ಕಾಣದ ಅಂಚುಗಳಿಗೆ ಚುಕ್ಕೆ ಗೆರೆ ಹಾಕಿದೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಕೇಳಿದಳು, "ಸರ್, ಆ ಚುಕ್ಕೆ ಗೆರೆ ಪೆಟ್ಟಿಗೆಯ ಒಳಗಿದೆಯಾ, ಹಿಂದಿದೆಯಾ?" ಎಷ್ಟೋ ವರ್ಷದಿಂದ ಅದೇ ಚಿತ್ರ ಬರೆಯುತ್ತಿದ್ದೆ. ನನಗದು ಘನವಾಗಿ ಕಾಣುತ್ತಿತ್ತು. ಅವಳಿಗೆ ಕಂಡಿದ್ದು ಒಂದರ ಮೇಲೊಂದು ಬಿದ್ದ ಎರಡು ಚೌಕ, ನಡುವೆ ನಾಲ್ಕು ಗೆರೆ.

ಕಂಪ್ಯೂಟರ್‌ನಲ್ಲಿ ತಿರುಗುವ ಚಿತ್ರ ತೋರಿಸಿ ನೋಡಿದೆ. ಮಕ್ಕಳಿಗೆ ಖುಷಿಯಾಯಿತು. ಮಾರನೇ ದಿನ ಕೇಳಿದರೆ ಹೆಚ್ಚಿನವರಿಗೆ ಏನೂ ನೆನಪಿಲ್ಲ. ಪರದೆಯೇ ಎಲ್ಲವನ್ನೂ ಮಾಡಿಬಿಟ್ಟಿತ್ತು ಅಲ್ವಾ, ಅವರ ತಲೆಗೆ ಕೆಲಸವೇ ಇರಲಿಲ್ಲ.

ಆಮೇಲೆ ಜೇಡಿಮಣ್ಣಿಗೆ ಬಂದೆ. 5 ಸೆಂ.ಮೀ. ಬದಿಯ ಘನಗಳನ್ನು ಮಕ್ಕಳೇ ಮಾಡಿದರು. ಚಾಕು ಹಾಕಿದರೆ ಮಣ್ಣು ಚಪ್ಪಟೆಯಾಗುತ್ತದೆ. ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದ ನೈಲಾನ್ ದಾರವೇ ಸರಿ. ಒಂದೇ ನಿಯಮ ಇಟ್ಟೆ: ಕೊಯ್ದ ಮೇಲೆ ಯಾವ ಆಕಾರ ಕಾಣುತ್ತದೆ ಎಂದು ಮೊದಲು ನೋಟ್‌ಬುಕ್‌ನಲ್ಲಿ ಬಿಡಿಸಬೇಕು, ಆಮೇಲೆಯೇ ದಾರ ಮುಟ್ಟಬೇಕು. ಕೊಯ್ದ ಮುಖಕ್ಕೆ ಬಣ್ಣ ಬಳಿದು, ಬಿಡಿಸಿದ ಚಿತ್ರದ ಪಕ್ಕದಲ್ಲೇ ಅಚ್ಚು ಒತ್ತಬೇಕು. ತಪ್ಪಾದರೆ ಅಳಿಸುವ ಹಾಗಿಲ್ಲ.

ಚೌಕ ಎಲ್ಲರಿಗೂ ಬಂತು. ಮೂಲೆ ಕೊಯ್ದರೆ ತ್ರಿಭುಜ ಅನ್ನುವುದೂ ಬೇಗ ಬಂತು. ಓರೆಯಾಗಿ ಕೊಯ್ಯುವಾಗಲೇ ಗೊಂದಲ. ಆಗ ಮಕ್ಕಳಿಗೆ ಒಂದೇ ಪ್ರಶ್ನೆ ಕೊಟ್ಟೆ: ದಾರ ಎಷ್ಟು ಮುಖಗಳನ್ನು ದಾಟುತ್ತದೆ? ಒಂದೊಂದು ಮುಖವೂ ಕೊಯ್ತಕ್ಕೆ ಒಂದೊಂದು ಬಾಹು ಕೊಡುತ್ತದೆ. ಮುಖಗಳ ಮೇಲೆ ಕಡ್ಡಿಯಿಂದ ಗೀರಿ ಎಣಿಸಲು ಶುರು ಮಾಡಿದರು. "ಹಾಗಾದರೆ ಏಳು ಬಾಹು ಬರೋದೇ ಇಲ್ಲ, ಇರೋದೇ ಆರು ಮುಖ" ಎಂದು ಒಬ್ಬ ತಾನಾಗಿಯೇ ಹೇಳಿದ. ನಾನು ಸುಮ್ನೆ ತಲೆಯಾಡಿಸಿದೆ.

ಆರು ಬಾಹು ಮಣ್ಣಿನಲ್ಲಿ ಚೆನ್ನಾಗಿ ಬರಲಿಲ್ಲ, ದಾರ ಜಾರುತ್ತಿತ್ತು. ಅದಕ್ಕೆ ನೀರು ಬಳಸಿದೆ, ಇಲ್ಲಿ ನೀರಿನ ಮೇಲ್ಮೈಯೇ ಕೊಯ್ತ. ಒಳಗಿನ ಅಳತೆ 10 ಸೆಂ.ಮೀ. ಇರುವ ಪಾರದರ್ಶಕ ಘನದ ಡಬ್ಬಿ, ಅದರಲ್ಲಿ 500 ಮಿ.ಲೀ. ಬಣ್ಣದ ನೀರು, ಮುಚ್ಚಳಕ್ಕೆ ಸುತ್ತಲೂ ಟೇಪ್. (ಮೊದಲ ಸಲ ಟೇಪ್ ಕಡಿಮೆಯಾಗಿ ಹಾಜರಿ ಪುಸ್ತಕ ಒದ್ದೆಯಾಯಿತು.) ನೇರ ಇಟ್ಟರೆ ನೀರಿನ ಮೇಲ್ಮೈ ಚೌಕ. ಅಂಚಿನ ಮೇಲೆ ನಿಲ್ಲಿಸಿದರೆ ಆಯತ, ಉದ್ದ ಸುಮಾರು 14.1 ಸೆಂ.ಮೀ. ಲೋಟದ ಬಾಯಿಯಲ್ಲಿ ಒಂದು ಮೂಲೆ ಕೂರಿಸಿ, ಎದುರಿನ ಮೂಲೆ ನೇರ ಮೇಲೆ ಬರುವಂತೆ ನಿಲ್ಲಿಸಿದರೆ ಸಮ ಷಡ್ಭುಜ! ಆರು ಅಂಚುಗಳ ನಡುಬಿಂದುಗಳನ್ನು ನೀರು ಮುಟ್ಟುತ್ತದೆ, ಬಾಹು ಸುಮಾರು 7.1 ಸೆಂ.ಮೀ. ನೀರು ಕಡಿಮೆ ಮಾಡುತ್ತಾ ಹೋದರೆ ಷಡ್ಭುಜದ ಮೂರು ಬಾಹು ಸಣ್ಣದಾಗುತ್ತವೆ. ಡಬ್ಬಿಯ ಆರನೇ ಒಂದು ಭಾಗಕ್ಕೆ, ಅಂದರೆ ಸುಮಾರು 167 ಮಿ.ಲೀ.ಗೆ ಇಳಿದಾಗ ಅವು ಮಾಯವಾಗಿ ತ್ರಿಭುಜ ಉಳಿಯುತ್ತದೆ. ಇದಕ್ಕೇ ಒಂದಿಡೀ ಪೀರಿಯಡ್ ಹೋಯಿತು. ಹೋಗಲಿ ಎಂದು ಬಿಟ್ಟೆ.

ನಾನು ನಿರೀಕ್ಷಿಸದ ತೊಡಕು ಬಂದಿದ್ದು ನೆರಳಿನಿಂದ. ಅದೇ ಡಬ್ಬಿಯನ್ನು ಬಿಸಿಲಿಗೆ ಮೂಲೆ ಮಾಡಿ ಹಿಡಿದು, ಕಿರಣಕ್ಕೆ ನೇರ ಅಡ್ಡವಾಗಿ ಕಾಗದ ಇಟ್ಟರೆ ಅಲ್ಲೂ ಷಡ್ಭುಜ. "ಎರಡೂ ಒಂದೇ" ಎಂದು ಅರ್ಧ ತರಗತಿ ತೀರ್ಮಾನ ಮಾಡಿತು. ಅಳೆಯಿರಿ ಅಂದೆ. ನೆರಳಿನ ಬಾಹು ಸುಮಾರು 8.2 ಸೆಂ.ಮೀ. ಬಂತು. ನೆರಳು ಹೊರಗಿನ ಅಂಚುಗಳ ಗಡಿ, ಕೊಯ್ತ ಒಳಗಿನ ಒಂದು ಪದರ. ಈ ವ್ಯತ್ಯಾಸವನ್ನು ಮೊದಲೇ ಹೇಳಬೇಕಿತ್ತು, ನನ್ನದೇ ತಪ್ಪು.

ಶಂಕುವಿನಲ್ಲಿ ಬೇರೆ ತಮಾಷೆ. ಪಾದ ಮುಟ್ಟದಂತೆ ಓರೆಯಾಗಿ ಕೊಯ್ದರೆ ಏನು ಬರುತ್ತದೆ ಎಂದರೆ ಬಹುತೇಕ ಎಲ್ಲರೂ ಮೊಟ್ಟೆಯಾಕಾರ ಬರೆದರು, ಮೇಲೆ ಚೂಪು, ಕೆಳಗೆ ಅಗಲ. ಶಂಕು ಮೇಲೆ ಕಿರಿದಾಗುತ್ತದಲ್ಲ, ತರ್ಕ ಸರಿಯೇ ಅನ್ನಿಸುತ್ತದೆ. ಅಚ್ಚು ಒತ್ತಿದ ಕಾಗದವನ್ನು ಕತ್ತರಿಸಿ ಅಡ್ಡಕ್ಕೂ ಉದ್ದಕ್ಕೂ ಮಡಚಿಸಿದೆ. ಎರಡೂ ತುದಿ ಹೆಚ್ಚುಕಡಿಮೆ ಸರಿಯಾಗಿ ಕೂತವು. ಅದು ದೀರ್ಘವೃತ್ತ. ಜರ್ಮನಿಯ ದೊಡ್ಡ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್ 1525ರಲ್ಲಿ ತಾನೇ ಬರೆದ ರೇಖಾಗಣಿತದ ಪುಸ್ತಕದಲ್ಲಿ ಇದೇ ಕೊಯ್ತವನ್ನು ಮೊಟ್ಟೆಯಾಕಾರವಾಗಿ ಬಿಡಿಸಿದ್ದ ಎಂದಾಗ ಮಕ್ಕಳಿಗೆ ಬಹಳ ಸಮಾಧಾನ.

ಕೊನೆಗೆ ಆ ಚುಕ್ಕೆ ಗೆರೆಯ ಹುಡುಗಿಯೇ ಕೇಳಿದಳು, "ಸರ್, ಘನದಲ್ಲಿ ಸಮ ಪಂಚಭುಜ ಬರುತ್ತಾ?" ಪಂಚಭುಜ ಬರುತ್ತದೆ, ಆದರೆ ಸಮ? ನಾನು ಥಟ್ಟನೆ ಉತ್ತರ ಹೇಳಲಿಲ್ಲ. ಎರಡು ದಿನ ಮಣ್ಣು ಕೊಯ್ದು ಕೊಯ್ದು, ಮೂರನೇ ದಿನ ಅವಳೇ ಬಂದಳು. ಘನದಲ್ಲಿ ಎದುರುಬದುರು ಮುಖಗಳು ಮೂರು ಜೋಡಿ. ಐದು ಮುಖ ದಾಟಬೇಕಾದರೆ ಎರಡು ಜೋಡಿ ಪೂರ್ತಿ ದಾಟಲೇಬೇಕು. ಹಾಗಾಗಿ ಪಂಚಭುಜದಲ್ಲಿ ಎರಡು ಜೋಡಿ ಸಮಾಂತರ ಬಾಹು ಬಂದೇ ಬರುತ್ತವೆ. ಸಮ ಪಂಚಭುಜದಲ್ಲಿ ಒಂದು ಜೋಡಿಯೂ ಸಮಾಂತರ ಇಲ್ಲ. "ಅದಕ್ಕೇ ಬರಲ್ಲ ಸರ್" ಎಂದಳು. ಕೈಯಲ್ಲಿ ಮಣ್ಣಿರಲಿಲ್ಲ.