ಜೇಬಿನ ಕ್ಯಾಮೆರಾವೋ, ಮಿರರ್‌ಲೆಸ್ಸೋ? ಎರಡನೇ ಲೆನ್ಸ್‌ನ ಲೆಕ್ಕ ಹಾಕಿ ನಿರ್ಧರಿಸಿ

ಕ್ಯಾಮೆರಾ ಅಂಗಡಿಗೆ ಹೋದವರು ಮೊದಲು ಕೇಳುವುದು ಎಷ್ಟು ಮೆಗಾಪಿಕ್ಸೆಲ್ ಎಂದು. ಅದಕ್ಕಿಂತ ಮುಖ್ಯವಾದ ಪ್ರಶ್ನೆಯೊಂದನ್ನು ಮನೆಯಲ್ಲೇ ಕೇಳಿಕೊಂಡು ಹೊರಡಬೇಕು: ಈ ಕ್ಯಾಮೆರಾಕ್ಕೆ ಒಂದು ವರ್ಷದೊಳಗೆ ಇನ್ನೊಂದು ಲೆನ್ಸ್ ಕೊಳ್ಳುತ್ತೇನೆಯೇ? ಖಂಡಿತ ಕೊಳ್ಳುತ್ತೇನೆ ಎನ್ನುವವರು ಆರಂಭಿಕ ಮಟ್ಟದ ಮಿರರ್‌ಲೆಸ್, ಅಂದರೆ ಲೆನ್ಸ್ ಬಿಚ್ಚಿ ಬದಲಿಸಬಹುದಾದ ಕ್ಯಾಮೆರಾ, ತೆಗೆದುಕೊಳ್ಳಲಿ. ಕೊಳ್ಳುವುದಿಲ್ಲ ಎನ್ನುವವರು, ಮುಂದೆ ನೋಡೋಣ ಎನ್ನುವವರು ಲೆನ್ಸ್ ಬದಲಿಸಲಾಗದ, ಒಳ್ಳೆಯ ಕಾಂಪ್ಯಾಕ್ಟ್ ಕ್ಯಾಮೆರಾವನ್ನು ಜೇಬಿಗೆ ಹಾಕಿಕೊಳ್ಳಲಿ. ಹೀಗೆ ಹೇಳುವುದಕ್ಕೆ ಗಟ್ಟಿಯಾದ ಲೆಕ್ಕವೇ ಇದೆ. ಅದನ್ನು ಹಂತ ಹಂತವಾಗಿ ನೋಡೋಣ.

ಮೊದಲು ಮೊಬೈಲಿನ ಗ್ಯಾಲರಿ ತೆರೆಯಿರಿ

ಕಳೆದ ಆರು ತಿಂಗಳ ಚಿತ್ರಗಳನ್ನು ನೋಡಿ, ನಿಮಗೆ ಬೇಸರ ತಂದವನ್ನು ಬೇರೆ ಮಾಡಿ. ಪ್ರತಿಯೊಂದಕ್ಕೂ ಕಾರಣ ಬರೆದುಕೊಳ್ಳಿ. ವಸ್ತು ದೂರದಲ್ಲಿತ್ತೇ? ಬೆಳಕು ಸಾಲಲಿಲ್ಲವೇ? ಮಗು ಓಡುತ್ತಿದ್ದುದರಿಂದ ಮುಖ ಕಲಸಿಹೋಯಿತೇ? ಅಥವಾ ಚೌಕಟ್ಟಿನೊಳಗೆ ಏನಿರಬೇಕು, ಏನಿರಬಾರದು ಎಂಬುದನ್ನೇ ಗಮನಿಸಿರಲಿಲ್ಲವೇ? ಕೊನೆಯ ಕಾರಣವೇ ಹೆಚ್ಚಾಗಿದ್ದರೆ ಸದ್ಯಕ್ಕೆ ಹಣ ಖರ್ಚು ಮಾಡುವ ಅಗತ್ಯವಿಲ್ಲ. ಹಗಲು ಬೆಳಕಿನಲ್ಲಿ ಇಂದಿನ ಒಳ್ಳೆಯ ಮೊಬೈಲು ತೆಗೆಯುವ ಚಿತ್ರ ಮನೆಯ ಆಲ್ಬಮ್ಮಿಗೆ ಧಾರಾಳವಾಗಿ ಸಾಕು. ದೂರ, ಕತ್ತಲೆ, ಚಲನೆ ಇವು ಮೂರು ಪದೇ ಪದೇ ಕಂಡರೆ ಮಾತ್ರ ಮುಂದಿನ ಹಂತಕ್ಕೆ ಬನ್ನಿ. ಆ ಪಟ್ಟಿಯನ್ನು ಎಸೆಯಬೇಡಿ, ಅಂಗಡಿಯಲ್ಲಿ ಬೇಕಾಗುತ್ತದೆ.

ಸೆನ್ಸರ್ ಅಳತೆ ಓದಿ

2010ರಲ್ಲಿ ಜಗತ್ತಿನಾದ್ಯಂತ 12 ಕೋಟಿಗೂ ಹೆಚ್ಚು ಡಿಜಿಟಲ್ ಕ್ಯಾಮೆರಾಗಳು ಕಾರ್ಖಾನೆಗಳಿಂದ ಹೊರಬಿದ್ದಿದ್ದವು. ಅವುಗಳಲ್ಲಿ ಬಹುಪಾಲು ಅಗ್ಗದ ಕಾಂಪ್ಯಾಕ್ಟ್‌ಗಳು. ಮೊಬೈಲು ನುಂಗಿಹಾಕಿದ್ದು ಆ ವರ್ಗವನ್ನೇ. ಅವುಗಳ ಸೆನ್ಸರ್, ಅಂದರೆ ಬೆಳಕನ್ನು ಚಿತ್ರವಾಗಿಸುವ ಚಿಪ್, ಸುಮಾರು 6.2 × 4.6 ಮಿಲಿಮೀಟರ್, ಅಂದರೆ 28 ಚದರ ಮಿಲಿಮೀಟರ್ ಮಾತ್ರ. ಅಂಥ ಕ್ಯಾಮೆರಾಗಳು ಈಗಲೂ ಸಿಗುತ್ತವೆ. ದೂರದ್ದನ್ನು ಹತ್ತಿರ ತರುವ ದೊಡ್ಡ ಜೂಮ್ ಅಥವಾ ನೀರಿಗಿಳಿಯುವ ಗುಣ ಇಲ್ಲದಿದ್ದರೆ ಅವಕ್ಕೆ ಹಣ ಕೊಡಬೇಡಿ. ನೀರಿನ ವಿಷಯದಲ್ಲಿ ಒಎಂ ಸಿಸ್ಟಂ ಕಂಪನಿಯ ಟಫ್ ಟಿಜಿ-7 ನಿಜವಾಗಿಯೂ ಉಪಯುಕ್ತ. 15 ಮೀಟರ್ ಆಳದ ನೀರನ್ನೂ ತಡೆಯುತ್ತದೆ, ಮಳೆಗಾಲದಲ್ಲಿ ಮಲೆನಾಡಿನ ಚಾರಣಕ್ಕೋ ತೋಟದ ಕೆಲಸಕ್ಕೋ ಕೊಂಡೊಯ್ಯಬಹುದು. ಇನ್ನು ಕೆಲವೇ ಸಾವಿರ ರೂಪಾಯಿಗೆ ಆನ್‌ಲೈನಿನಲ್ಲಿ ಸಿಗುವ, ಹೆಸರೇ ಕೇಳಿರದ ಕಂಪನಿಗಳ '48 ಮೆಗಾಪಿಕ್ಸೆಲ್' ಕ್ಯಾಮೆರಾಗಳು. ಚಿಕ್ಕ ಸೆನ್ಸರ್‌ನ ಚಿತ್ರವನ್ನು ಹಿಗ್ಗಿಸಿ ಆ ಸಂಖ್ಯೆ ತೋರಿಸುವ ಸರಕು ಅದು, ಮಕ್ಕಳಿಗೆಂದೂ ಕೊಳ್ಳಬೇಡಿ.

ಹಣ ಕೊಡಲು ಯೋಗ್ಯವಾದ ಕಾಂಪ್ಯಾಕ್ಟ್ ಆರಂಭವಾಗುವುದು 'ಒಂದಿಂಚು' ಎಂದು ಕರೆಯುವ ಸೆನ್ಸರ್‌ನಿಂದ. ಅದರ ನಿಜವಾದ ಅಳತೆ 13.2 × 8.8 ಮಿಲಿಮೀಟರ್. ಯಾವ ಬದಿಯೂ ಇಂಚಿನಷ್ಟಿಲ್ಲ, ಹಳೆಯ ಟಿ.ವಿ. ಕ್ಯಾಮೆರಾಗಳ ಗಾಜಿನ ಕೊಳವೆಯ ಅಳತೆಯಿಂದ ಬಂದ ರೂಢಿ ಅದು. ವಿಸ್ತೀರ್ಣ ಸುಮಾರು 116 ಚದರ ಮಿಲಿಮೀಟರ್, ಅಗ್ಗದ ಕಾಂಪ್ಯಾಕ್ಟ್‌ನ ನಾಲ್ಕು ಪಟ್ಟು. ಸೋನಿಯ ಆರ್‌ಎಕ್ಸ್100 ಸರಣಿ, ಕ್ಯಾನನ್‌ನ ಪವರ್‌ಶಾಟ್ ಜಿ7 ಎಕ್ಸ್ ಸರಣಿ ಈ ಗುಂಪಿನವು.

ಆರಂಭಿಕ ಮಿರರ್‌ಲೆಸ್‌ಗಳಲ್ಲಿ, ಉದಾಹರಣೆಗೆ ಕ್ಯಾನನ್ ಆರ್50, ನಿಕಾನ್ ಜಡ್30, ಸೋನಿ ಜಡ್‌ವಿ-ಇ10 ಇವುಗಳಲ್ಲಿ, ಇರುವುದು ಎಪಿಎಸ್-ಸಿ ಸೆನ್ಸರ್. ಕ್ಯಾನನ್‌ನಲ್ಲಿ ಅದು 22.3 × 14.9 ಮಿಲಿಮೀಟರ್, ಉಳಿದೆರಡರಲ್ಲಿ ತುಸು ದೊಡ್ಡದು. ಒಂದಿಂಚಿನ ಸೆನ್ಸರ್‌ಗೆ ಹೋಲಿಸಿದರೆ ಸುಮಾರು ಮೂರು ಪಟ್ಟು. ಇಷ್ಟು ಕೇಳಿದ ಕೂಡಲೇ ಮಿರರ್‌ಲೆಸ್ ಗೆದ್ದಿತು ಎಂದುಕೊಳ್ಳುವುದು ಸಹಜ. ಅಂಗಡಿಯವರ ವಿವರಣೆಯೂ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತದೆ. ಆದರೆ ಲೆಕ್ಕ ಇನ್ನೂ ಅರ್ಧ ಉಳಿದಿದೆ.

ಬೆಳಕಿನ ಕಿಂಡಿಯನ್ನು ಅಳೆಯಿರಿ

ಸೆನ್ಸರ್ ಎಷ್ಟೇ ದೊಡ್ಡದಿರಲಿ, ಅದಕ್ಕೆ ಬೆಳಕು ಬರಬೇಕಾದದ್ದು ಲೆನ್ಸ್‌ನ ಕಿಂಡಿಯ ಮೂಲಕವೇ. ಆ ಕಿಂಡಿಯ ಅಗಲ ತಿಳಿಯಲು ಲೆನ್ಸ್ ಮೇಲೆ ಬರೆದಿರುವ ನಾಭಿದೂರವನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಸಾಕು. ಒಂದೇ ದೃಶ್ಯವನ್ನು ಒಂದೇ ಜಾಗದಿಂದ, ಒಂದೇ ಶಟರ್ ವೇಗದಲ್ಲಿ ತೆಗೆಯುವಾಗ ಯಾವ ಕ್ಯಾಮೆರಾದ ಕಿಂಡಿ ಅಗಲವೋ ಅದಕ್ಕೆ ಒಟ್ಟು ಬೆಳಕು ಹೆಚ್ಚು ಸಿಗುತ್ತದೆ.

ಒಂದೇ ಕಂಪನಿಯ ಎರಡು ಕ್ಯಾಮೆರಾಗಳನ್ನು ತೆಗೆದುಕೊಳ್ಳೋಣ. ಕ್ಯಾನನ್ ಆರ್50ರ ಜೊತೆ ಬರುವ ಕಿಟ್ ಲೆನ್ಸ್ 18-45 ಮಿಮೀ, ಎಫ್/4.5-6.3. ಅಗಲ ನೋಟದಲ್ಲಿ 18 ಭಾಗಿಸು 4.5, ಅಂದರೆ 4 ಮಿಲಿಮೀಟರ್ ಕಿಂಡಿ. ಪೂರ್ತಿ ಜೂಮ್ ಮಾಡಿದಾಗ 45 ಭಾಗಿಸು 6.3, ಸುಮಾರು 7 ಮಿಲಿಮೀಟರ್. ಈಗ ಜಿ7 ಎಕ್ಸ್ ಮಾರ್ಕ್ 3. ಅದರ ಲೆನ್ಸ್ 8.8-36.8 ಮಿಮೀ, ಎಫ್/1.8-2.8. ಅಗಲ ನೋಟದಲ್ಲಿ ಕಿಂಡಿ 4.9 ಮಿಲಿಮೀಟರ್. ಜೂಮ್‌ನ ತುದಿಯಲ್ಲಿ 13 ಮಿಲಿಮೀಟರ್, ಅದೂ ಕಿಟ್ ಲೆನ್ಸ್‌ಗಿಂತ ಹೆಚ್ಚು ದೂರ ನೋಡುತ್ತಾ. ಮಂದ ಬೆಳಕಿನಲ್ಲಿ ಮೂರು ಪಟ್ಟು ದೊಡ್ಡ ಸೆನ್ಸರ್‌ನ ಲಾಭವನ್ನು ಕಿಟ್ ಲೆನ್ಸ್ ಪೂರ್ತಿಯಾಗಿ ಕಳೆದುಬಿಡುತ್ತದೆ. ಕಿಟ್ ಲೆನ್ಸ್ ಹಾಕಿದ ಮಿರರ್‌ಲೆಸ್ ರಾತ್ರಿಯ ಊಟದ ಮೇಜಿನಲ್ಲಿ ಈ ಕಾಂಪ್ಯಾಕ್ಟ್‌ಗಿಂತ ಹಿಂದೆ ಬೀಳುತ್ತದೆ ಎಂದರೆ ಹಲವರು ನಂಬುವುದಿಲ್ಲ. ನೀವೇ ಭಾಗಾಕಾರ ಮಾಡಿ ನೋಡಿ.

ಮಿರರ್‌ಲೆಸ್ ಸೋತಿತು ಎಂದು ಇದರ ಅರ್ಥವಲ್ಲ. ಬಿಸಿಲಿನಲ್ಲಿ ಬೆಳಕಿಗೆ ಬರವಿಲ್ಲ. ಆಗ ದೊಡ್ಡ ಸೆನ್ಸರ್ ಬಿಳಿ ಮೋಡವನ್ನೂ ಮರದ ನೆರಳನ್ನೂ ಒಟ್ಟಿಗೆ ಚೆನ್ನಾಗಿ ಹಿಡಿದಿಡುತ್ತದೆ. ಓಡುವ ವಸ್ತುವನ್ನು ಬೆನ್ನಟ್ಟುವ ಫೋಕಸ್ ಕೂಡ ಹೊಸ ಮಿರರ್‌ಲೆಸ್‌ಗಳಲ್ಲಿ ಉತ್ತಮ. ಆದರೆ ಅದರ ನಿಜವಾದ ಶಕ್ತಿ ಹೊರಬರುವುದು ಕಿಟ್ ಲೆನ್ಸ್ ಬಿಚ್ಚಿದ ದಿನ. ಅದೇ ಆರ್50ಕ್ಕೆ 160 ಗ್ರಾಂ ತೂಗುವ 50 ಮಿಮೀ ಎಫ್/1.8 ಲೆನ್ಸ್ ಹಾಕಿ. ಕಿಂಡಿ ಒಮ್ಮೆಲೇ 28 ಮಿಲಿಮೀಟರ್ ಆಗುತ್ತದೆ!

ಕರಾವಳಿಯವರಿಗೆ ಇದರ ಬೆಲೆ ಏನೆಂದು ಯಕ್ಷಗಾನದ ಒಂದು ರಾತ್ರಿಯಲ್ಲಿ ಗೊತ್ತಾಗುತ್ತದೆ. ಧಿಗಿಣ (ಸುತ್ತು ಕುಣಿತ) ಹಾಕುತ್ತಿರುವ ವೇಷಧಾರಿಯ ಮುಖ ಕಲಸದಂತೆ ಹಿಡಿಯಲು ಕನಿಷ್ಠ ಸೆಕೆಂಡಿನ 250ನೇ ಒಂದು ಭಾಗದ ಶಟರ್ ವೇಗ ಬೇಕು. ರಂಗದ ಬೆಳಕಿನಲ್ಲಿ ಕಿಟ್ ಲೆನ್ಸ್ ಎಫ್/6.3ರಲ್ಲಿದ್ದಾಗ ಅದಕ್ಕೆ ಬೆಳಕಿನ ಕೊರತೆ ತುಂಬಲು ಏರಿಸುವ ಐಎಸ್‌ಒ ಸಂಖ್ಯೆ 12,800 ಬೇಕಾಯಿತು ಎಂದುಕೊಳ್ಳಿ. ಮುಖದ ಬಣ್ಣಗಾರಿಕೆಯ ಸೂಕ್ಷ್ಮ ಗೆರೆಗಳೆಲ್ಲ ಕಾಳುಕಾಳಾಗಿ ಕಾಣುತ್ತವೆ. ಎಫ್/1.8 ಲೆನ್ಸ್ ಹನ್ನೆರಡು ಪಟ್ಟು ಬೆಳಕು ಬಿಡುವುದರಿಂದ ಅದೇ ಚಿತ್ರಕ್ಕೆ ಐಎಸ್‌ಒ ಸಾವಿರದ ಆಸುಪಾಸು ಸಾಕು. ಎಫ್/2.8ರ ಕಾಂಪ್ಯಾಕ್ಟ್ ಇವೆರಡರ ನಡುವೆ ನಿಲ್ಲುತ್ತದೆ, ಸೆನ್ಸರ್ ಚಿಕ್ಕದಾದ್ದರಿಂದ ಕಿಟ್ ಲೆನ್ಸ್‌ಗೆ ಹತ್ತಿರ, 50 ಮಿಮೀಗೆ ಬಹಳ ದೂರ. ಬೆಳಕು ಕಡಿಮೆ ಎಂದು ಫ್ಲ್ಯಾಶ್ ಹೊಡೆಯುವ ಯೋಚನೆ ಮಾತ್ರ ಬೇಡ. ಕುಣಿಯುವವರ ಕಣ್ಣಿಗೆ ಅದು ನಿಜವಾದ ತೊಂದರೆ, ನೋಡುವವರ ರಸಭಂಗ ಬೇರೆ.

ಬೇಕಾದ ಲೆನ್ಸ್‌ನ ಹೆಸರು ಬರೆಯಿರಿ

ಈಗ ಮೊದಲ ಹಂತದ ಪಟ್ಟಿಗೆ ಮರಳಿ. 'ಕತ್ತಲೆ', 'ಚಲನೆ' ಹೆಚ್ಚಿದ್ದರೆ ನಿಮ್ಮ ಎರಡನೇ ಲೆನ್ಸ್ ಕ್ಯಾನನ್‌ನಲ್ಲಿ 50 ಮಿಮೀ ಎಫ್/1.8, ನಿಕಾನ್‌ನಲ್ಲಿ 40 ಮಿಮೀ ಎಫ್/2, ಸೋನಿಯಲ್ಲಿ ಸಿಗ್ಮಾ ಕಂಪನಿಯ 30 ಮಿಮೀ ಎಫ್/1.4 ಇಂಥದ್ದು. ಮನೆಯೊಳಗೆ ಮಕ್ಕಳ ಚಿತ್ರ ತೆಗೆಯುವವರಿಗೆ 50 ಮಿಮೀ ಇಕ್ಕಟ್ಟಾಗುತ್ತದೆ, ಗೋಡೆಗೆ ಬೆನ್ನು ತಾಗಿದರೂ ಇಬ್ಬರಿಗಿಂತ ಹೆಚ್ಚು ಜನ ಚೌಕಟ್ಟಿಗೆ ಬರುವುದಿಲ್ಲ. ಅವರಿಗೆ 30-35 ಮಿಮೀ ಸರಿ. ಬೇರೆ ಕಂಪನಿಗಳ ಲೆನ್ಸ್‌ಗಳ ಆಯ್ಕೆ ಅತಿ ಹೆಚ್ಚು ಇರುವುದು ಸೋನಿಗೆ, ಬಾಡಿ ಆರಿಸುವ ಮೊದಲೇ ಇದನ್ನು ನೋಡಿಕೊಳ್ಳಿ.

'ದೂರ' ಹೆಚ್ಚಿದ್ದರೆ, ಅದರಲ್ಲೂ ರಂಗನತಿಟ್ಟಿನ ಹಕ್ಕಿಗಳು ಮನಸ್ಸಿನಲ್ಲಿದ್ದರೆ, ಸ್ಪಷ್ಟವಾಗಿ ಹೇಳುತ್ತೇನೆ: ಈ ಎರಡೂ ಬಗೆಯ ಕ್ಯಾಮೆರಾಗಳ ಮೂಲ ಸಲಕರಣೆ ಸಾಲದು. ಆರ್‌ಎಕ್ಸ್100 ಮಾರ್ಕ್ 7ರ ಜೂಮ್, ಬೇರೆ ಬೇರೆ ಸೆನ್ಸರ್‌ಗಳನ್ನು ಹೋಲಿಸಲು ಬಳಸುವ ಫುಲ್ ಫ್ರೇಮ್ ಲೆಕ್ಕದಲ್ಲಿ, 200 ಮಿಮೀಗೆ ನಿಲ್ಲುತ್ತದೆ. ಆರ್50ರ ಜೊತೆಗೆ ಕೊಳ್ಳಬಹುದಾದ 55-210 ಮಿಮೀ ಲೆನ್ಸ್ ಅದೇ ಲೆಕ್ಕದಲ್ಲಿ 336 ಮಿಮೀ ತಲುಪುತ್ತದೆ. ದೋಣಿ ಹತ್ತಿರ ಹೋದಾಗ ಕೊಕ್ಕರೆಗೆ ಸಾಕು, ಮಿಂಚುಳ್ಳಿಗೆ ಸಾಲದು. ಆದರೂ ಮುಂದೆ ಇನ್ನೂ ಉದ್ದದ ಲೆನ್ಸ್ ಸೇರಿಸುವ ದಾರಿ ಮಿರರ್‌ಲೆಸ್‌ನಲ್ಲಿ ತೆರೆದಿದೆ.

ಬರೆಯಲು ಯಾವ ಲೆನ್ಸ್‌ನ ಹೆಸರೂ ಹೊಳೆಯದಿದ್ದರೆ ಅದೇ ಉತ್ತರ. ಕಾಂಪ್ಯಾಕ್ಟ್ ಕೊಳ್ಳಿ.

ಅರ್ಧ ಕಿಲೋ ಹೊತ್ತು ನೋಡಿ

ಆರ್50 ಕಿಟ್ ಲೆನ್ಸ್ ಸಮೇತ 505 ಗ್ರಾಂ, ಜಿ7 ಎಕ್ಸ್ ಮಾರ್ಕ್ 3 ಕೇವಲ 304 ಗ್ರಾಂ. ಕಾಗದದ ಮೇಲೆ 200 ಗ್ರಾಂ ದೊಡ್ಡ ಅಂತರವೆನಿಸುವುದಿಲ್ಲ. ಆದರೆ ಒಂದು ಪ್ಯಾಂಟಿನ ಜೇಬಿನಲ್ಲಿ ಹಿಡಿಯುತ್ತದೆ, ಇನ್ನೊಂದಕ್ಕೆ ಚೀಲ ಬೇಕು. ದಿನವೂ ಕೆಲಸಕ್ಕೆ ಒಯ್ಯುವ ಚೀಲದಲ್ಲಿ ಅರ್ಧ ಕಿಲೋ ಸಕ್ಕರೆಯ ಪೊಟ್ಟಣವನ್ನು ಒಂದು ವಾರ ಇಟ್ಟುಕೊಂಡು ಓಡಾಡಿ. ಬುಧವಾರಕ್ಕೇ ಅದನ್ನು ತೆಗೆದು ಮೇಜಿನ ಮೇಲಿಟ್ಟಿರಾದರೆ ಮಿರರ್‌ಲೆಸ್‌ಗೂ ಅದೇ ಗತಿ. ಮನೆಯ ಬೀರುವಿನಲ್ಲಿ ಮಲಗಿರುವ ಒಳ್ಳೆಯ ಕ್ಯಾಮೆರಾಗಳನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಜೂಮ್ ಬೇಡವೆನ್ನುವವರಿಗೆ ಮೂರನೆಯ ದಾರಿಯೊಂದಿದೆ. ರಿಕೋ ಜಿಆರ್ 3 ಕ್ಯಾಮೆರಾದಲ್ಲಿ ಎಪಿಎಸ್-ಸಿ ಸೆನ್ಸರ್ ಇದ್ದೂ ತೂಕ 257 ಗ್ರಾಂ. ಒಂದೇ ಅಗಲ ನೋಟದ ಎಫ್/2.8 ಲೆನ್ಸ್, ಕಣ್ಣಿಗೆ ಒತ್ತಿ ನೋಡುವ ವ್ಯೂಫೈಂಡರ್ ಇಲ್ಲ, ಫ್ಲ್ಯಾಶ್ ಇಲ್ಲ. ಸಂತೆ, ಜಾತ್ರೆ, ಬೀದಿಯ ಬದುಕು ತೆಗೆಯುವವರಿಗೆ ಇದಕ್ಕಿಂತ ಹಿತವಾದ ಸಂಗಾತಿ ಸಿಗುವುದು ಕಷ್ಟ. ಮೊದಲ ಕ್ಯಾಮೆರಾ ಆಗಿ ಎಲ್ಲರಿಗೂ ಒಗ್ಗುವುದಿಲ್ಲ.

ಪೂರ್ತಿ ಖರ್ಚು ಕೂಡಿ

ಒಂದಿಂಚಿನ ಒಳ್ಳೆಯ ಕಾಂಪ್ಯಾಕ್ಟ್ ಅಗ್ಗವಲ್ಲ. ಅನೇಕ ವೇಳೆ ಮಿರರ್‌ಲೆಸ್ ಕಿಟ್‌ಗಿಂತ ಅದರ ಬೆಲೆಯೇ ಹೆಚ್ಚು. ಇಲ್ಲಿ ಎಷ್ಟೋ ಮಂದಿ ಮನಸ್ಸು ಬದಲಿಸುತ್ತಾರೆ. ಕಾಂಪ್ಯಾಕ್ಟ್‌ನ ಬೆಲೆಗೆ ಹೆಚ್ಚುವರಿ ಬ್ಯಾಟರಿ ಮತ್ತು ಮೆಮೊರಿ ಕಾರ್ಡ್ ಸೇರಿಸಿದರೆ ಲೆಕ್ಕ ಮುಗಿಯಿತು. ಮಿರರ್‌ಲೆಸ್‌ಗೆ ಅವೆರಡರ ಮೇಲೆ ಎರಡನೇ ಲೆನ್ಸ್, ಚೀಲ, ಗಾಳಿ ಊದುವ ರಬ್ಬರ್ ಬ್ಲೋಯರ್ ಸೇರಿಸಬೇಕು. ಲೆನ್ಸ್‌ಗೇ ಇಪ್ಪತ್ತು ಸಾವಿರ ರೂಪಾಯಿಯ ಆಸುಪಾಸು ಎತ್ತಿಡಿ. ಎರಡು ಮೊತ್ತಗಳನ್ನೂ ಅಕ್ಕಪಕ್ಕ ಬರೆದು ನೋಡಿ. ಹೆಚ್ಚುವರಿ ಬ್ಯಾಟರಿ ಕಾಂಪ್ಯಾಕ್ಟ್‌ಗೆ ಕಡ್ಡಾಯ, ಒಂದು ಚಾರ್ಜಿಗೆ 250 ಚಿತ್ರಗಳ ಸುತ್ತಮುತ್ತ ನಿಂತುಬಿಡುತ್ತದೆ.

ಅಂಗಡಿಯಲ್ಲಿ ಏನು ಮಾಡಬೇಕು

ಸಾಧ್ಯವಿದ್ದರೆ ಮೊದಲು ಬಾಡಿಗೆಗೆ ತನ್ನಿ. ಬೆಂಗಳೂರಿನಲ್ಲಿ ಕ್ಯಾಮೆರಾ, ಲೆನ್ಸ್ ಎರಡೂ ದಿನದ ಲೆಕ್ಕದಲ್ಲಿ ಸಿಗುತ್ತವೆ. ಒಂದು ಭಾನುವಾರ ಕೈಯಲ್ಲಿದ್ದರೆ ಯಾವ ಲೇಖನವೂ ಹೇಳದಷ್ಟು ಗೊತ್ತಾಗುತ್ತದೆ.

ಅಂಗಡಿಗೆ ಹೋಗುವಾಗ ನಿಮ್ಮದೇ ಮೆಮೊರಿ ಕಾರ್ಡ್ ಒಯ್ಯಿರಿ. ಅಂಗಡಿಯ ಅತ್ಯಂತ ಕತ್ತಲೆಯ ಮೂಲೆಯನ್ನೂ, ನಿಮ್ಮ ಕಡೆಗೆ ನಡೆದುಬರುವ ಜೊತೆಗಾರರನ್ನೂ ಎರಡೂ ಕ್ಯಾಮೆರಾಗಳಲ್ಲಿ ತೆಗೆದು, ಮನೆಯಲ್ಲಿ ದೊಡ್ಡ ಪರದೆಯ ಮೇಲೆ ನೋಡಿ ನಿರ್ಧರಿಸಿ. ಒಮ್ಮೆ ಬಾಗಿಲಾಚೆ ಬಿಸಿಲಿಗೂ ಬನ್ನಿ. ಮಧ್ಯಾಹ್ನದ ಹಂಪಿಯಲ್ಲಿ ಪರದೆ ಬಹುತೇಕ ಕಾಣುವುದಿಲ್ಲ, ಕಣ್ಣಿಗೆ ಒತ್ತಿ ನೋಡುವ ವ್ಯೂಫೈಂಡರ್ ಅಲ್ಲಿ ಬೇಕೇ ಬೇಕು. ಆರ್50ರಲ್ಲಿ ಅದಿದೆ, ಆರ್‌ಎಕ್ಸ್100 ಮಾರ್ಕ್ 7ರಲ್ಲಿ ಮೇಲೆದ್ದು ಬರುತ್ತದೆ. ಜಿ7 ಎಕ್ಸ್ ಮಾರ್ಕ್ 3, ಜಡ್30, ಜಡ್‌ವಿ-ಇ10 ಮೂರರಲ್ಲೂ ಇಲ್ಲ. ಇವುಗಳನ್ನು ಮುಖ್ಯವಾಗಿ ವಿಡಿಯೊ ಮಾಡುವವರು ಕೊಳ್ಳುವುದರಿಂದ ಅವರಿಗೆ ಅದು ಕೊರತೆಯಲ್ಲ.

ಬಿಲ್‌ನಲ್ಲಿ ಕ್ಯಾಮೆರಾದ ಸರಣಿ ಸಂಖ್ಯೆ ಇರಲಿ, ವಾರಂಟಿ ಭಾರತದ್ದೇ ಆಗಿರಲಿ. ಹೊರದೇಶದಿಂದ ತಂದ ಸರಕು ಕಡಿಮೆ ಬೆಲೆಗೆ ಸಿಕ್ಕರೂ ರಿಪೇರಿಯ ದಿನ ಕೈ ಸುಡುತ್ತದೆ. ಹಳೆಯ ಕಾಂಪ್ಯಾಕ್ಟ್ ಕೊಳ್ಳುವವರು ಅಪರ್ಚರನ್ನು (ಲೆನ್ಸ್‌ನ ಕಿಂಡಿಯನ್ನು) ಎಫ್/11ಕ್ಕೆ ಇಟ್ಟು ಬಿಳಿ ಗೋಡೆಯ ಚಿತ್ರ ತೆಗೆದು ನೋಡಬೇಕು. ಕಪ್ಪು ಚುಕ್ಕೆಗಳು ಕಂಡರೆ ಒಳಗೆ ದೂಳು ಸೇರಿದೆ. ಲೆನ್ಸ್ ಚಾಚಿಕೊಳ್ಳುವಾಗ ಕರಕರ ಸದ್ದು ಬಂದರೂ ಬಿಟ್ಟುಬಿಡಿ. ಮಿರರ್‌ಲೆಸ್‌ನ ಸೆನ್ಸರ್ ಮೇಲೆ ಕೂತ ದೂಳನ್ನು ಲೆನ್ಸ್ ಬಿಚ್ಚಿ ಬ್ಲೋಯರಿನಿಂದ ಊದಬಹುದು. ಕಾಂಪ್ಯಾಕ್ಟ್‌ನದು ಹಾಗಲ್ಲ, ಇಡೀ ಕ್ಯಾಮೆರಾವನ್ನೇ ಬಿಚ್ಚಿಸಬೇಕಾಗುತ್ತದೆ. ಬಾದಾಮಿಯ ಕೆಂಪು ದೂಳಿನಲ್ಲಿ ಜೂಮ್ ಕೊಳವೆಯನ್ನು ಸುಮ್ಮನೆ ಹೊರಗೂ ಒಳಗೂ ಆಡಿಸಬೇಡಿ.

ಮನೆಗೆ ತಂದ ಮೇಲೆ

ಮಂಗಳೂರು, ಉಡುಪಿ, ಕಾರವಾರ, ಮಡಿಕೇರಿಯ ಕಡೆಯವರಿಗೆ ದೊಡ್ಡ ವೈರಿ ಬೂಷ್ಟು. ಲೆನ್ಸ್‌ನ ಗಾಜಿನ ಮೇಲೆ ಜೇಡನ ಬಲೆಯಂತೆ ಹಬ್ಬಿತೆಂದರೆ ಗಾಜಿನ ಲೇಪವನ್ನೇ ತಿನ್ನುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್, ತೇವಾಂಶ ತೋರಿಸುವ ಚಿಕ್ಕ ಮಾಪಕ, ಇಷ್ಟಿದ್ದರೆ ಸಾಕು. ಮಾಪಕ 40ರಿಂದ 50 ಪ್ರತಿಶತದ ನಡುವೆ ಇರಲಿ. ಜೆಲ್ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು. ಚರ್ಮದ ಚೀಲದಲ್ಲಿ ಮಾತ್ರ ಇಡಬೇಡಿ, ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ. ಮಳೆಗಾಲದಲ್ಲಿ ಬಹಳ ದಿನ ಬಳಸದೆ ಇರಬೇಕಾಗಿ ಬಂದರೆ ಬ್ಯಾಟರಿಯನ್ನು ತೆಗೆದು ಬೇರೆಯಾಗಿ ಇಡಿ.