ಎಲ್ಡರ್‌ಬೆರಿ ವೈನನ್ನ ಸಿಂಕಿಗೆ ಸುರಿಯೋ ಮುಂಚೆ

ಪ್ರತಿ ವರ್ಷ ಡಿಸೆಂಬರ್ ಬಂತು ಅಂದ್ರೆ ನಂಗೆ ಎರಡೋ ಮೂರೋ ಫೋನು ಗ್ಯಾರಂಟಿ. "ಅಕ್ಕಾ, ವೈನ್ ಹಾಳಾಗೋಯ್ತು, ಬಾಯಿಗಿಟ್ರೆ ಹಸಿ ಅಡಿಕೆ ಜಗಿದಂಗಾಗುತ್ತೆ, ಚೆಲ್ಲಿಬಿಡ್ಲಾ?" ಅಂತ. ನಾನಿರೋದು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ, ಹುಟ್ಟಿ ಬೆಳೆದಿದ್ದು ತೀರ್ಥಹಳ್ಳಿ ಕಡೆ. ಇಲ್ಲಿ ಕಾಲುವೆ ಪಕ್ಕ, ರೈಲ್ವೆ ಹಳಿ ಪಕ್ಕ, ಹೊಲದ ಬೇಲಿ ಸಾಲಲ್ಲಿ ಎಲ್ಡರ್ ಗಿಡ ನಮ್ಮ ಲಂಟಾನ ಥರ ಎಲ್ಲೆಂದ್ರಲ್ಲಿ ಬೆಳೆಯುತ್ತೆ, ಆಗಸ್ಟ್ ಕೊನೆಯಿಂದ ಕಪ್ಪು ಹಣ್ಣಿನ ಗೊಂಚಲು ಜೋತು ಬೀಳುತ್ತೆ, ಪುಕ್ಕಟೆ ಹಣ್ಣು ನೋಡಿದ್ರೆ ನಮ್ಮವರ ಕೈ ಸುಮ್ನೆ ಇರುತ್ತಾ, ಎಲ್ಲರೂ ಒಂದು ಬಕೆಟ್ ತುಂಬ್ಕೊಂಡು ವೈನ್ ಮಾಡೋಕೆ ಕೂತ್ಬಿಡ್ತಾರೆ. ತೊಂದರೆ ಏನಂದ್ರೆ ಎಲ್ಲರ ತಲೇಲೂ ಇರೋದು ಮಂಗಳೂರು ಕಡೆ ಕ್ರಿಸ್‌ಮಸ್ಸಿಗೆ ಭರಣೀಲಿ ಹಾಕೋ ದ್ರಾಕ್ಷಿ ವೈನು, ಇಲ್ಲಾಂದ್ರೆ ಮಡಿಕೇರಿಯಿಂದ ತಂದ ಹೋಮ್‌ಮೇಡ್ ವೈನು. ಸಿಹಿಯಾಗಿ, ತಿಂಗಳೊಪ್ಪತ್ತಲ್ಲಿ ರೆಡಿ. ಎಲ್ಡರ್‌ಬೆರಿ ಆ ಜಾತಿದಲ್ಲ. ಇದು ಉಪ್ಪಿನಕಾಯಿ ಜಾತಿ. ಹಾಕಿ ಮರೀಬೇಕು.

ನಾನು ನೋಡಿದ ಹಾಗೆ ಮಾಡೋವಾಗ ಕೆಡಿಸೋರು ಕಮ್ಮಿ, ಮಾಡಿ ಆದ್ಮೇಲೆ ಕೈಯಾಡಿಸಿ ಕೆಡಿಸೋರೇ ಜಾಸ್ತಿ. ಅದಕ್ಕೇ ಮಾಡೋದನ್ನ ಬೇಗ ಮುಗಿಸಿ ಆಮೇಲಿಂದಕ್ಕೆ ಬರ್ತೀನಿ.

ಹಂತ 1: ಹಣ್ಣು

ಗೊಂಚಲು ಕೆಳಗೆ ಬಾಗಿರಬೇಕು, ಗಿಡಕ್ಕೆ ಮರದಂಥ ಕಾಂಡ ಇರಬೇಕು. ಹಣ್ಣು ಮೇಲಕ್ಕೆ ಮುಖ ಮಾಡಿರೋ, ಸೊಪ್ಪಿನ ಗಿಡದಂಥ ಕುಳ್ಳ ಜಾತಿ ಒಂದಿದೆ, ಅದು ವಿಷ, ಮುಟ್ಟಬೇಡಿ. ಒಳ್ಳೆ ಎಲ್ಡರ್‌ದೂ ಎಲೆ, ತೊಟ್ಟು, ಕಾಯಿ ಒಳಗೆ ಹೋಗ್ಬಾರದು, ಅದರಲ್ಲಿ ಸೈನೈಡ್ ಬಿಡೋ ಅಂಶ ಇರುತ್ತೆ, ಹಸಿ ಹಣ್ಣು ತಿಂದ್ರೂ ವಾಂತಿ ಆಗುತ್ತೆ. ಗೊಂಚಲನ್ನ ಒಂದು ರಾತ್ರಿ ಫ್ರೀಜರಲ್ಲಿಟ್ಟು ಬೆಳಿಗ್ಗೆ ಕವರ್ ಸಮೇತ ಕುಲುಕಿ, ಹಣ್ಣು ಗೋಲಿ ಥರ ಉದುರುತ್ತೆ. ಫೋರ್ಕಲ್ಲಿ ಬಿಡಿಸ್ತಾ ಕೂತ್ರೆ ಮಧ್ಯಾಹ್ನ ಪೂರ್ತಿ ಹೋಗುತ್ತೆ.

ಪಾತ್ರೆ ಅಂಚಿಗೆ ಹಸಿರು ಅಂಟು ಒಂದು ಮೆತ್ಕೊಳುತ್ತೆ, ಸೋಪಿಗೆ ಜಪ್ಪಯ್ಯ ಅಂದ್ರೂ ಬಿಡಲ್ಲ. ಹಲಸಿನಹಣ್ಣಿನ ಮೇಣಕ್ಕೆ ಏನ್ ಮಾಡ್ತೀವೋ ಅದೇ, ಮೊದಲು ಅಡುಗೆ ಎಣ್ಣೆ ಹಚ್ಚಿ ಉಜ್ಜಿ, ಆಮೇಲೆ ಸೋಪು.

ಹಂತ 2: ಹಾಕೋದು

4.5 ಲೀಟರಿನ ಒಂದು ಡೆಮಿಜಾನಿಗೆ, ಅಂದ್ರೆ ಸಣ್ಣ ಕುತ್ತಿಗೆಯ ದೊಡ್ಡ ಗಾಜಿನ ಜಾಡಿಗೆ, 1.3 ಕೆಜಿ ಹಣ್ಣು ಸಾಕು. ಜಾಸ್ತಿ ಹಾಕಿದ್ರೆ ಜಾಸ್ತಿ ರುಚಿ ಅಲ್ಲ, ಜಾಸ್ತಿ ಒಗರು. ಹಣ್ಣನ್ನ ನೀರಲ್ಲಿ 15 ನಿಮಿಷ ಸಣ್ಣ ಉರೀಲಿ ಕುದಿಸಿ, 1 ಕೆಜಿ ಸಕ್ಕರೆ ಕರಗಿಸಿ, ಪೂರ್ತಿ ತಣ್ಣಗಾದ ಮೇಲೆ ಒಂದು ನಿಂಬೆಹಣ್ಣಿನ ರಸ, ಪೆಕ್ಟಿಕ್ ಎಂಜೈಮ್ (ವೈನ್ ಮಂಜಾಗದಂಗೆ ನೋಡ್ಕೊಳ್ಳೋದು), ಯೀಸ್ಟ್ ನ್ಯೂಟ್ರಿಯೆಂಟ್ (ಯೀಸ್ಟಿನ ಊಟ), ಯೀಸ್ಟು. ಹೈಡ್ರೋಮೀಟರ್, ಅಂದ್ರೆ ಸಕ್ಕರೆ ಎಷ್ಟಿದೆ ಅಂತ ತೇಲಿ ತೋರಿಸೋ ಗಾಜಿನ ಕಡ್ಡಿ, 1.090 ಆಸುಪಾಸು ತೋರಿಸ್ಬೇಕು. ನಾಲ್ಕು ದಿನ ಹಣ್ಣಿನ ಜೊತೆ ಬಿಟ್ಟು ಸೋಸಿ ಡೆಮಿಜಾನಿಗೆ ಹಾಕಿ ಏರ್‌ಲಾಕ್ (ಒಳಗಿನ ಗಾಳಿ ಗುಳ್ಳೆಯಾಗಿ ಹೊರಗೆ ಬಿಟ್ಟು, ಹೊರಗಿಂದು ಒಳಗೆ ಬಿಡದ ನೀರಿನ ಕೊಳವೆ) ಹಾಕಿ. ಮುಗೀತು.

ಯೀಸ್ಟ್ ವಿಷ್ಯದಲ್ಲಿ ಮಾತ್ರ ನನ್ನ ಹತ್ರ ವಾದ ಬೇಡ. ಬ್ರೆಡ್ ಯೀಸ್ಟ್ ಹಾಕಿದ್ರೆ ಬ್ರೆಡ್ಡಿನ ನೀರು ಕುಡಿದಂಗಿರುತ್ತೆ. "ಏಳೇ ದಿನದಲ್ಲಿ ರೆಡಿ" ಅಂತ ಪ್ಯಾಕೆಟ್ ಮೇಲೆ ದೊಡ್ಡದಾಗಿ ಬರೆದಿರೋ ಟರ್ಬೊ ಯೀಸ್ಟ್ ಸ್ಪಿರಿಟ್ ಇಳಿಸೋರಿಗೆ ಮಾಡಿರೋದು, ನಿಮಗಲ್ಲ. ಮಾಮೂಲಿ ರೆಡ್ ವೈನ್ ಯೀಸ್ಟ್ ಒಂದು ಪ್ಯಾಕೆಟ್ ತಗೊಳ್ಳಿ, ಅದರ ಜೊತೆ ಕಷ್ಟಕಾಲಕ್ಕೆ ಅಂತ ಇಸಿ-1118 ಅನ್ನೋ, ಆಲ್ಕೋಹಾಲ್ ತಡ್ಕೊಳ್ಳೋ ಗಟ್ಟಿ ವೈನ್ ಯೀಸ್ಟ್ ಒಂದು ಪ್ಯಾಕೆಟ್ ಫ್ರಿಜ್ಜಲ್ಲಿರಲಿ.

ಹಂತ 3: ಅರ್ಧಕ್ಕೆ ನಿಂತು ಹೋದ್ರೆ

ಗುಳುಗುಳು ನಿಂತಿದ್ದಕ್ಕೆ ಕೆಲಸ ಮುಗೀತು ಅಂತ ಬಾಟಲಿಗೆ ತುಂಬಿ ಸೋಫಾ ಹಿಂದೆ ಜೋಡಿಸಿ, ಏಪ್ರಿಲಲ್ಲಿ ಸೆಖೆ ಶುರುವಾದಾಗ ಒಂದು ರಾತ್ರಿ ಢಬ್ ಅಂತ ಎದ್ದು ಕೂತವರು ನಂಗೆ ಗೊತ್ತಿದಾರೆ, ಆ ಮನೆ ಗೋಡೆ ಇವತ್ತಿಗೂ ನೇರಳೆ ಬಣ್ಣ. ಏರ್‌ಲಾಕ್ ನಂಬಬೇಡಿ. ಬಿರಡೆ ಸಡಿಲ ಇದ್ರೂ ಗುಳ್ಳೆ ಬರಲ್ಲ, ಹವಾಮಾನ ಬದಲಾದ್ರೂ ಬರುತ್ತೆ. ಹೈಡ್ರೋಮೀಟರ್ ಮಾತ್ರ ನಂಬಿ. 0.998ಕ್ಕಿಂತ ಕೆಳಗಿದ್ದು, ಎರಡು ವಾರದಲ್ಲಿ ಮೂರು ಸಲ ನೋಡಿದಾಗಲೂ ಅದೇ ಅಂಕಿ ಇದ್ರೆ ಮುಗಿದಿದೆ. 1.030ರಲ್ಲಿ ಕೂತಿದ್ರೆ ನಿಂತು ಹೋಗಿದೆ ಅಂತ ಅರ್ಥ, ಸುಮಾರು ಶೇ 8 ಆಲ್ಕೋಹಾಲ್ ಆಗಿದೆ, ಇನ್ನೂ ಬೇಕಾದಷ್ಟು ಸಕ್ಕರೆ ಒಳಗಿದೆ.

ಮೊದಲು ಡೆಮಿಜಾನ್ ಮುಟ್ಟಿ ನೋಡಿ. ಇಲ್ಲಿ ಅಕ್ಟೋಬರಲ್ಲಿ ಹೀಟಿಂಗ್ ಹಾಕೋಕೆ ಎಲ್ಲರೂ ಜಿಪುಣರು, ಅಡುಗೆಮನೆ ರಾತ್ರಿ 13 ಡಿಗ್ರಿಗೆ ಇಳಿದಿರುತ್ತೆ, ಯೀಸ್ಟ್ ಮುದುರಿ ಮಲಗಿರುತ್ತೆ. 20ರಿಂದ 24 ಡಿಗ್ರಿ ಇರೋ ಜಾಗಕ್ಕೆ ತಂದು, ಅಡಿ ಗಷ್ಟು ಏಳೋ ಹಾಗೆ ಒಂದು ಸಲ ಅಲ್ಲಾಡಿಸಿ ಮೂರು ದಿನ ಬಿಡಿ. ಅರ್ಧ ಕೇಸು ಇಷ್ಟಕ್ಕೇ ಸರಿಹೋಗುತ್ತೆ.

ಆಗ್ಲಿಲ್ವಾ, ಹಾಗಾದ್ರೆ ಮುಂದಿಂದು ಗಮನ ಇಟ್ಟು ಓದಿ. ಎಲ್ಲರೂ ಮಾಡೋ ತಪ್ಪು ಅಂದ್ರೆ ಇನ್ನೊಂದು ಪ್ಯಾಕೆಟ್ ಯೀಸ್ಟನ್ನ ಒಣಗಿದ್ದನ್ನೇ ಮೇಲಿಂದ ಉದುರಿಸೋದು. ಈಗಾಗಲೇ ಶೇ 8 ಆಲ್ಕೋಹಾಲ್ ಇರೋ ಜಾಗಕ್ಕೆ ಒಣ ಯೀಸ್ಟ್ ಹಾಕಿದ್ರೆ ಹಾಕಿದಲ್ಲೇ ಸಾಯುತ್ತೆ. ಮೊಸರಿಗೆ ಹೆಪ್ಪು ಹಾಕೋವಾಗ ಹಾಲಿನ ಬಿಸಿ ನೋಡಲ್ವಾ, ಹಾಗೇ ಇದನ್ನೂ ನಿಧಾನಕ್ಕೆ ಅಭ್ಯಾಸ ಮಾಡಿಸ್ಬೇಕು.

ಕಾಲು ಲೋಟ ನೀರು, ಕೈಗೆ ಹಿತವಾಗೋ ಬೆಚ್ಚಗೆ, 37 ಡಿಗ್ರಿ ಹತ್ರ. ಅದರ ಮೇಲೆ ಇಸಿ-1118 ಉದುರಿಸಿ 15 ನಿಮಿಷ ಬಿಟ್ಟು ಕಲಕಿ. ಒಂದು ಲೋಟದಷ್ಟು ಸೇಬಿನ ಜ್ಯೂಸ್ ತಗೊಳ್ಳಿ, ಪ್ರಿಸರ್ವೇಟಿವ್ ಇಲ್ಲದ್ದು ನೋಡಿ ತರಬೇಕು ಇಲ್ಲಾಂದ್ರೆ ಎಲ್ಲಾ ದಂಡ. ಅದು ರೂಮಿನ ಬಿಸಿಗೆ ಬಂದಿರಲಿ. ಚಿಟಿಕೆ ನ್ಯೂಟ್ರಿಯೆಂಟ್ ಹಾಕಿ ಯೀಸ್ಟ್ ನೀರು ಸೇರಿಸಿ, ದೊಡ್ಡ ಜಾಡೀಲಿ, ಬಾಯಿಗೆ ಬಟ್ಟೆ ಕಟ್ಟಿಡಿ. ಕೆಲವು ಗಂಟೇಲಿ ನೊರೆ ಏಳುತ್ತೆ. ನೊರೆ ಜೋರಾಗಿದ್ದಾಗ ನಿಂತು ಹೋದ ವೈನ್ ಒಂದು ಲೋಟ ಹಾಕಿ. ನೊರೆ ಇಳಿಯುತ್ತೆ, ಗಾಬರಿ ಬೇಡ, ಮತ್ತೆ ಏಳೋವರೆಗೂ ಕಾಯಿರಿ. ಎದ್ಮೇಲೆ ಎರಡು ಲೋಟ. ಮತ್ತೆ ಕಾಯಿರಿ. ಆಮೇಲೆ ನಾಲ್ಕು. ಹೀಗೆ ಪ್ರತಿ ಸಲ ಜಾಡೀಲಿ ಇರೋದರಷ್ಟೇ ಹೊಸದು ಸೇರಿಸ್ತಾ ಹೋಗಿ, ಅರ್ಧ ಡೆಮಿಜಾನ್ ಆದ್ಮೇಲೆ ಉಳಿದಿದ್ದನ್ನೆಲ್ಲ ಸೇರಿಸಿ ಏರ್‌ಲಾಕ್ ಹಾಕಿ. ಎರಡು ದಿನ ಹಿಡಿಯುತ್ತೆ. ಯೀಸ್ಟಿಗೂ ಹೊಸ ವೈನಿಗೂ ಬಿಸಿಯಲ್ಲಿ 10 ಡಿಗ್ರಿಗಿಂತ ವ್ಯತ್ಯಾಸ ಇರಬಾರದು, ಅದಕ್ಕೆ ಎರಡನ್ನೂ ಒಂದೇ ರೂಮಲ್ಲಿಡಿ. ನಡುವೆ ಪೊಟ್ಯಾಸಿಯಂ ಸಾರ್ಬೇಟ್ (ಯೀಸ್ಟ್ ಮತ್ತೆ ಬೆಳೆಯದಂಗೆ ತಡೆಯೋ ಪುಡಿ) ಹಾಕಿಬಿಟ್ಟಿದ್ರೆ ಮಾತ್ರ ಈ ಯಾವ ಕಸರತ್ತೂ ನಡೆಯಲ್ಲ.

ಹಂತ 4: ಮೂಗು

ಕೊಳೆತ ಮೊಟ್ಟೆ ವಾಸನೆ ಬಂದ್ರೆ ಯೀಸ್ಟಿಗೆ ಊಟ ಕಮ್ಮಿ ಆಗಿದೆ ಅಂತ. ಇನ್ನೂ ಉಕ್ಕೋ ಹಂತದ ಶುರುವಲ್ಲಿದ್ರೆ ನ್ಯೂಟ್ರಿಯೆಂಟ್ ಹಾಕಿ. ಮುಗಿದ ಮೇಲೆ ಬಂದ್ರೆ ಗಷ್ಟಿನಿಂದ ಬೇರೆ ಮಾಡಿ, ಎತ್ತರದಿಂದ ಸದ್ದಾಗೋ ಹಾಗೆ ಸುರಿದು ಬೇರೆ ಡೆಮಿಜಾನಿಗೆ ಹಾಕಿ. ಇಡೀ ವೈನ್ ಜೀವನದಲ್ಲಿ ಬೇಕಂತಲೇ ಗಾಳಿ ಸೇರಿಸೋದು ಇದೊಂದೇ ಸಲ. ಆದ್ರೂ ಹೋಗ್ಲಿಲ್ಲ ಅಂದ್ರೆ ಒಂದು ಲೋಟ ವೈನಿಗೆ ತೊಳೆದ ತಾಮ್ರದ ಚೂರು ಹಾಕಿ ಕಲಕಿ ಮೂಸಿ ನೋಡಿ. ಇಲ್ಲಿನ 1992ಕ್ಕಿಂತ ಹಳೇ ಎರಡು ಪೆನ್ನಿ ನಾಣ್ಯ ಆಗುತ್ತೆ, ಆಮೇಲಿಂದು ಉಕ್ಕಿಗೆ ತಾಮ್ರ ಬಳಿದಿರೋದು, ಮ್ಯಾಗ್ನೆಟ್ ಹಿಡಿದ್ರೆ ಗೊತ್ತಾಗುತ್ತೆ. ವಾಸನೆ ಹೋದ್ರೆ ವೈನನ್ನ ಶುದ್ಧ ತಾಮ್ರದ ತುಂಡಿನ ಮೇಲೆ ಹಾಯಿಸಿ ಡೆಮಿಜಾನಿಗೆ ಇಳಿಸಿ. ಹಾಯಿಸೋದು ಮಾತ್ರ. ಊರಿಂದ ತಂದ ತಾಮ್ರದ ಚೊಂಬಲ್ಲಿ ರಾತ್ರಿಯಿಡೀ ಇಟ್ಟಿದ್ದ ಪುಣ್ಯಾತ್ಮರಿದ್ದಾರೆ, ತಾಮ್ರದ ಪಾತ್ರೇಲಿ ಹುಳಿ ಇಡಬಾರದು ಅಂತ ಅಜ್ಜಿ ಹೇಳಿದ್ದು ಮರೆತೋಯ್ತೇನೋ. ಟೆಸ್ಟ್ ಮಾಡಿದ ಲೋಟದ್ದು ಕುಡೀಬೇಡಿ.

ಮೇಲೆ ಬಿಳಿ ಪುಡಿ ಹಾಸಿದಂಗೆ ಕೆನೆ ಕಟ್ಟಿದ್ರೆ ಜಾಗ ಖಾಲಿ ಬಿಟ್ಟಿದ್ದೀರಿ. ಕೆನೆ ಕದಡದೆ ಅದರ ಕೆಳಗಿನಿಂದ ಪೈಪಲ್ಲಿ ಇಳಿಸ್ಕೊಳ್ಳಿ, ಒಂದು ಕ್ಯಾಂಪ್ಡೆನ್ ಮಾತ್ರೆ (ವೈನ್ ಕೆಡದಂಗೆ ಕಾಯೋ ಸಲ್ಫೈಟ್ ಮಾತ್ರೆ) ಪುಡಿ ಮಾಡಿ ಹಾಕಿ, ಕುತ್ತಿಗೆವರೆಗೂ ತುಂಬಿ. ವಿನೆಗರ್ ವಾಸನೆ, ನೇಲ್ ಪಾಲಿಶ್ ವಾಸನೆ ಬಂದ್ರೆ ಔಷಧ ಇಲ್ಲ. ಸಕ್ಕರೆ ಹಾಕಿ ಮುಚ್ಚೋಕೆ ನೋಡಬೇಡಿ, ಈರುಳ್ಳಿ ನೆನೆಹಾಕೋಕೆ ಇಟ್ಕೊಳ್ಳಿ. ಜೆರೇನಿಯಂ ಎಲೆ ಕಿವುಚಿದ ವಾಸನೆ ಬಂದ್ರೆ ಕ್ಯಾಂಪ್ಡೆನ್ ಇಲ್ಲದೆ ಬರೀ ಸಾರ್ಬೇಟ್ ಹಾಕಿದ್ದೀರಿ, ಬ್ಯಾಕ್ಟೀರಿಯಾ ಅದನ್ನ ತಿಂದಿದೆ, ಅದಕ್ಕೂ ಔಷಧ ಇಲ್ಲ. ಸಿಹಿ ಮಾಡೋರು ಎರಡನ್ನೂ ಜೊತೇಲೇ ಹಾಕಬೇಕು, ಅದೂ ಫರ್ಮೆಂಟ್ ಪೂರ್ತಿ ನಿಂತ ಮೇಲೆ. ಉಕ್ತಾ ಇರೋ ಯೀಸ್ಟನ್ನ ಸಾರ್ಬೇಟ್ ನಿಲ್ಲಿಸಲ್ಲ.

ಹಂತ 5: ತಿಳಿಯಾಗದಿದ್ರೆ

ಕಾಯಿರಿ. ಮೂರು ತಿಂಗಳಾದ್ರೂ ಮಂಜು ಮಂಜಾಗಿದ್ರೆ ಎಂಜೈಮ್ ಮರೆತಿರ್ತೀರಿ, ಬೆಚ್ಚಗಿನ ಜಾಗದಲ್ಲಿ ಈಗ ಹಾಕಿ.

ಹಂತ 6: ಆ ಹಸಿ ಅಡಿಕೆ ರುಚಿ

ಈಗ ಡಿಸೆಂಬರಿನ ಫೋನಿಗೆ ಬರೋಣ. ಒಗರು ಬೇರೆ, ಹುಳಿ ಬೇರೆ. ಹುಳಿ ಆದ್ರೆ ಬಾಯಲ್ಲಿ ನೀರೂರುತ್ತೆ, ಒಗರಾದ್ರೆ ಬಾಯಿ ಒಣಗುತ್ತೆ, ನಾಲಿಗೆ ಅಂಗುಳಕ್ಕೆ ಅಂಟ್ಕೊಳುತ್ತೆ. ನೇರಳೆಹಣ್ಣು ತಿಂದವರಿಗೆ ಇದನ್ನ ವಿವರಿಸೋದೇ ಬೇಡ, ಊರಲ್ಲಿ ನೇರಳೆ ವೈನ್ ಹಾಕೋರಿಗೂ ಇದೇ ಮಾತು ಅನ್ವಯ. ಒಗರು ಅಂದ್ರೆ ಟ್ಯಾನಿನ್, ಎಲ್ಡರ್‌ಬೆರೀಲಿ ಅದು ವಿಪರೀತ. ಬಣ್ಣ ಮತ್ತು ಟ್ಯಾನಿನ್ ಇಷ್ಟೊಂದು ಇರೋದಕ್ಕೇ ಹಿಂದೆ ಪೋರ್ಚುಗಲ್ಲಲ್ಲಿ ಪೋರ್ಟ್ ವೈನಿಗೆ ಇದನ್ನ ಕದ್ದು ಬೆರೆಸ್ತಿದ್ರು, 18ನೇ ಶತಮಾನದಲ್ಲಿ ಪೊಂಬಾಲ್ ಅನ್ನೋ ಮಂತ್ರಿ ಡೋರೊ ಕಣಿವೇಲಿ ಎಲ್ಡರ್ ಗಿಡಗಳನ್ನೇ ಕೀಳಿಸಿದ್ದ. ಕಾಲ ಕಳೆದ ಹಾಗೆ ಟ್ಯಾನಿನ್ ಒಂದಕ್ಕೊಂದು, ಬಣ್ಣಕ್ಕೂ ಕೂಡಿ ದಪ್ಪಗಾಗಿ ಅಡಿಗೆ ಇಳಿಯುತ್ತೆ. ಅದೇ ಮಾಗೋದು. ಅದಕ್ಕೆ ಶಾರ್ಟ್‌ಕಟ್ ಇಲ್ಲ.

ನಾನು ಮೊದಲನೇ ವರ್ಷ ಮಾಡಿದ್ದನ್ನ ನಾಲ್ಕನೇ ತಿಂಗಳಲ್ಲಿ ರುಚಿ ನೋಡಿ, ಮುಖ ಕಿವುಚಿ, ಐದು ಬಾಟಲಿ ಸಿಂಕಿಗೆ ಸುರಿದೆ. ಆರನೇದನ್ನ ಪಕ್ಕದ ಮನೆ ಅಜ್ಜನಿಗೆ ಮೊದಲೇ ಕೊಟ್ಟಿದ್ದೆ. ಎರಡು ವರ್ಷ ಆದ್ಮೇಲೆ ಒಂದು ಭಾನುವಾರ ಅವರು ಕರೆದು ಒಂದು ಗ್ಲಾಸ್ ಕೊಟ್ರು. ಅಂಚು ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು, ಒಣದ್ರಾಕ್ಷಿ ಘಮ, ಗಂಟಲಲ್ಲಿ ನುಣ್ಣಗೆ ಇಳೀತು. ಎಲ್ಲಿ ತಂದ್ರಿ ಅಂದೆ. ಅವರು ಬಾಟಲಿ ತಿರುಗಿಸಿದ್ರು, ಲೇಬಲ್ ಮೇಲೆ ನನ್ನದೇ ಕೈಬರಹ.

ಒಂದು ವರ್ಷ ಆದ್ಮೇಲೂ ತಡ್ಕೊಳ್ಳೋಕೆ ಆಗಲ್ಲ ಅಂದ್ರೆ ಮಾತ್ರ ಮೊಟ್ಟೆ ಬಿಳಿ ಇದೆ. ದೊಡ್ಡ ವೈನರಿಗಳು 225 ಲೀಟರ್ ಪೀಪಾಯಿಗೆ ಐದಾರು ಮೊಟ್ಟೆಯ ಬಿಳಿ ಹಾಕ್ತವೆ. ನಿಮ್ಮ ಡೆಮಿಜಾನಿಗೆ ಲೆಕ್ಕ ಹಾಕಿ, ಒಂದು ಟೀ ಚಮಚಕ್ಕಿಂತ ಕಮ್ಮಿ, 4 ಎಂಎಲ್. ಇಡೀ ಮೊಟ್ಟೆ ಬಿಳಿ ಸುರಿದ್ರೆ ಒಗರೂ ಹೋಗುತ್ತೆ, ರುಚಿ ಬಣ್ಣನೂ ಜೊತೆಗೇ ಹೋಗುತ್ತೆ. ಚಿಟಿಕೆ ಉಪ್ಪು, ಎರಡು ಚಮಚ ನೀರಲ್ಲಿ ನೊರೆ ಬರದ ಹಾಗೆ ಬೆರೆಸಿ ವೈನಿಗೆ ಕಲಕಿ, ಹತ್ತು ದಿನಕ್ಕೆ ಅಡಿಗೆ ಕೂರುತ್ತೆ, ತಿಳಿ ಇಳಿಸ್ಕೊಳ್ಳಿ. ಸಸ್ಯಾಹಾರಿಗಳಿಗೆ ಕುಡಿಸೋ ಮುಂಚೆ ಹೇಳ್ಬಿಡಿ. ನಂಗಂತೂ ಇದು ಇಷ್ಟ ಇಲ್ಲ, ಇನ್ನೊಂದು ವರ್ಷ ಕಾಯ್ತೀನಿ.

ಹಂತ 7: ಮಾಗಿಸೋದು

ಮೊದಲ ಆರರಿಂದ ಹನ್ನೆರಡು ತಿಂಗಳು ಡೆಮಿಜಾನಲ್ಲೇ ಇರಲಿ. ಮೂರು ತಿಂಗಳಿಗೊಮ್ಮೆ ಗಷ್ಟು ಬಿಟ್ಟು ತಿಳಿ ಇಳಿಸಿ, ಪೈಪಿನ ತುದಿ ಕೆಳಗಿನ ಡೆಮಿಜಾನಿನ ತಳ ಮುಟ್ಟಿರಬೇಕು, ಸದ್ದೇ ಆಗಬಾರದು. ಒಂದು ಬಿಟ್ಟು ಒಂದು ಸಲಕ್ಕೆ ಒಂದು ಕ್ಯಾಂಪ್ಡೆನ್. ಪ್ರತಿ ಸಲ ಸ್ವಲ್ಪ ಕಮ್ಮಿ ಆಗುತ್ತೆ, ಬಿರಡೆಯಿಂದ ಒಂದು ಇಂಚಿಗಿಂತ ಕೆಳಗೆ ಮಟ್ಟ ಇಳಿಯೋಕೆ ಬಿಡಬೇಡಿ. ನೀರು ಸುರಿದು ತುಂಬಿಸಿದ್ರೆ ತೆಳ್ಳಗಾಗುತ್ತೆ, ನಾನು ಕುದಿಸಿದ ಗಾಜಿನ ಗೋಲಿ ಹಾಕ್ತೀನಿ, ಮಟ್ಟ ತಾನಾಗೇ ಮೇಲೆ ಬರುತ್ತೆ. ಏರ್‌ಲಾಕಿನ ನೀರು ಆರುತ್ತೆ, ತಿಂಗಳಿಗೊಮ್ಮೆ ನೋಡಿ. ಅಗ್ಗದ ಪ್ಲಾಸ್ಟಿಕ್ ಏರ್‌ಲಾಕ್ ಕಣ್ಣಿಗೆ ಕಾಣದಂಗೆ ಬಿರುಕು ಬಿಟ್ಟು ನಂದು ಒಂದು ಇಡೀ ಡೆಮಿಜಾನ್ ವಿನೆಗರ್ ಆಗಿದೆ, ಅವತ್ತಿಂದ ಗಾಜಿನದ್ದೇ.

ಬಾಟಲಿ ಕಪ್ಪು ಗಾಜಿಂದು, ಬೆಳಕಿಗೆ ಬಣ್ಣ ಹೋಗುತ್ತೆ. ಕಾರ್ಕ್ ಹಾಕಿ ಮೂರು ದಿನ ನಿಲ್ಲಿಸಿ ಆಮೇಲೆ ಮಲಗಿಸಿ. 10ರಿಂದ 13 ಡಿಗ್ರಿ, ಅದಕ್ಕಿಂತ ಮುಖ್ಯ ಏರಿಳಿತ ಇರಬಾರದು. ಇಲ್ಲಿನ ಮನೆಗಳಲ್ಲಿ ಮೆಟ್ಟಿಲ ಕೆಳಗಿನ ಬೀರು ಇರುತ್ತಲ್ಲ, ಅದೇ ಬೆಸ್ಟ್. ಗ್ಯಾರೇಜ್ ಬೇಡ, ಫ್ರಿಜ್ಜಿನ ತಲೆ ಮೇಲಂತೂ ಬೇಡವೇ ಬೇಡ.

ಒಂದಿಷ್ಟನ್ನ ಅರ್ಧ ಬಾಟಲಿಗಳಿಗೆ ತುಂಬಿ, ತಡ್ಕೊಳ್ಳೋಕೆ ಆಗದವರಿಗೆ ಇದೊಂದೇ ದಾರಿ. ಒಂದನ್ನ ಮೊದಲ ವರ್ಷಕ್ಕೆ, ಒಂದನ್ನ ಎರಡನೇ ವರ್ಷಕ್ಕೆ, ಒಂದನ್ನ ಮೂರಕ್ಕೆ ತೆಗೀರಿ, ದೊಡ್ಡ ಬಾಟಲಿ ಮುಟ್ಟಬೇಡಿ. ತೆಗೆಯೋ ಹಿಂದಿನ ದಿನ ಎತ್ತಿ ನಿಲ್ಲಿಸಿ, ಒಂದೇ ಸಲಕ್ಕೆ ನಿಧಾನ ಬಗ್ಗಿಸಿ, ಅಡಿಯ ಕಪ್ಪು ಗಷ್ಟು ಬಾಟಲಿ ಹೆಗಲಿಗೆ ಬಂದ ತಕ್ಷಣ ನಿಲ್ಲಿಸಿ. ಬಿಳಿ ಟೇಬಲ್ ಬಟ್ಟೆ ಇದ್ರೆ ಮೊದಲೇ ತೆಗೆದಿಡಿ, ಈ ಕಲೆಗೆ ಎಣ್ಣೆನೂ ಕೆಲಸ ಮಾಡಲ್ಲ.